ಫ್ರಾಮ್ ಮಾದರಿ: ಕಿಟ್ಟಿನ ನಕ್ಷೆಯ ಡೆಕ್ ಒಂದು ಥರ, ಹಳೇ ಫೋಟೋದ ಡೆಕ್ ಇನ್ನೊಂದು ಥರ. ಯಾವುದನ್ನು ನಂಬಲಿ?

ಹಾಯಿಮರ:

ಎಲ್ಲರಿಗೂ ನಮಸ್ಕಾರ. ಎಂಟು ತಿಂಗಳಿಂದ ನಾರ್ವೆಯ ಹಳೇ ಧ್ರುವಯಾನದ ಹಡಗು ಫ್ರಾಮ್‌ನ ಮಾದರಿ ಕಟ್ಟುತ್ತಿದ್ದೇನೆ. ಮರದ ಕಿಟ್, 1:75 ಅಳತೆ. ಒಡಲು ಮುಗಿದಿದೆ, ಡೆಕ್ (ಹಡಗಿನ ಮೇಲುನೆಲ) ಹಲಗೆಗಳನ್ನೂ ಅಂಟಿಸಿದ್ದೇನೆ. ಇನ್ನು ಡೆಕ್ ಮೇಲಿನ ಸಾಮಾನು ಕೂರಿಸೋಣ ಅಂತ ಹಳೇ ಫೋಟೋಗಳನ್ನು ತೆಗೆದು ನೋಡಿದೆ. ಅವತ್ತಿನಿಂದ ಕೈ ಓಡುತ್ತಿಲ್ಲ.

ಕಿಟ್ಟಿನ ನಕ್ಷೆಯಲ್ಲಿ ಡೆಕ್ ಹಿಂಭಾಗದಿಂದ ಮೂತಿಯವರೆಗೂ ಒಂದೇ ಮಟ್ಟ. ಅದರ ಮೇಲೆ ಒಂದು ಗಾಳಿಯಂತ್ರ ನಿಲ್ಲಿಸಿ ಎನ್ನುತ್ತದೆ. ಆದರೆ ಗಾಳಿಯಂತ್ರ ಕಾಣುವ ಹಳೇ ಫೋಟೋಗಳಲ್ಲಿ ಡೆಕ್ ಒಂದೇ ಮಟ್ಟ ಇಲ್ಲ. ಹಿಂಭಾಗ ಎತ್ತರ, ಅದರ ಮುಂದೆ ತಗ್ಗು. ಸರಿ, ಅದೇ ನಿಜ ಅಂದುಕೊಂಡು ಓಸ್ಲೊ ಮ್ಯೂಸಿಯಮ್ಮಿನ ಫೋಟೋ ನೋಡಿದರೆ ಮತ್ತೆ ಒಂದೇ ಮಟ್ಟ! ಮೂರರಲ್ಲಿ ಯಾವುದು ಸರಿ?

ಇನ್ನೂ ಎರಡು ಅನುಮಾನ. ನಕ್ಷೆಯಲ್ಲಿ ಚುಕ್ಕಾಣಿಯ ಹತ್ತಿರ ಎರಡು ಚೌಕದ ಬಾಯಿಗಳಿವೆ, ಒಂದರ ಹಿಂದೆ ಒಂದು. ಅಷ್ಟು ಹಿಂದೆ ಸರಕು ಇಳಿಸೋಕೆ ಕೆಳಗೆ ಜಾಗವೇ ಇರುವುದಿಲ್ಲ, ಅಲ್ವಾ? ಬರೆದವರ ಕೈತಪ್ಪಾ? ಆಮೇಲೆ ದೋಣಿಗಳು. ಕಿಟ್ಟಿನಲ್ಲಿ ಆರು ಕೊಟ್ಟಿದ್ದಾರೆ. ಆರೂ 7 ಸೆಂ.ಮೀ. ಉದ್ದ, ಒಂದೇ ಅಚ್ಚಿನವು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಗಾಳಿಯಂತ್ರವನ್ನು ಮಗಳು ಮಾಡಿದ್ದಾಳೆ, ಊದುಬತ್ತಿಯ ಬಿದಿರು ಕಡ್ಡಿಗಳಿಂದ. ರೆಕ್ಕೆಗಳಿಗೆ ನನ್ನ ಹಳೇ ಪಂಚೆಯ ಬಟ್ಟೆ. ಅದನ್ನು ತೆಗೆದುಹಾಕಿ ಅಂತ ಮಾತ್ರ ಹೇಳಬೇಡಿ.

ಗಾಜಿನ ಪ್ಲೇಟು:

ನೀವು ನೋಡಿದ ಫೋಟೋಗಳಲ್ಲಿ ಯಾವುದೂ ಸುಳ್ಳಲ್ಲ. ಬೇರೆ ಬೇರೆ ವರ್ಷದವು, ಅಷ್ಟೇ. ಕಿಟ್ ಮಾಡಿದವರು ಎರಡು ಕಾಲದ ಹಡಗನ್ನು ಒಂದೇ ನಕ್ಷೆಯಲ್ಲಿ ಸೇರಿಸಿದ್ದಾರೆ.

ಫ್ರಾಮ್ ನಾರ್ವೆಯ ಮೂವರು ಧ್ರುವ ಅನ್ವೇಷಕರ ಜೊತೆ ಮೂರು ದೊಡ್ಡ ಯಾನ ಮಾಡಿದ ಹಡಗು. ಕಟ್ಟಿದವರು ಕಾಲಿನ್ ಆರ್ಚರ್. 1892ರ ಅಕ್ಟೋಬರ್ 26ರಂದು ನಾರ್ವೆಯ ಲಾರ್ವಿಕ್‌ನಲ್ಲಿ ನೀರಿಗಿಳಿಯಿತು. ಮೊದಲು ನಾನ್ಸೆನ್ ಜೊತೆ 1893ರಿಂದ 1896. ಬೇಕಂತಲೇ ಹಿಮದಲ್ಲಿ ಸಿಕ್ಕಿಕೊಂಡು, ಹಿಮ ತೇಲಿದ ಕಡೆ ತಾನೂ ತೇಲಿದ ಯಾನ ಅದು. ಆಮೇಲೆ ಸ್ವೆರ್ಡ್ರುಪ್ ಜೊತೆ 1898ರಿಂದ 1902, ಕೆನಡಾದ ಉತ್ತರದ ದ್ವೀಪಗಳ ಕಡೆಗೆ. ಕೊನೆಗೆ 1910ರಲ್ಲಿ ಅಮುಂಡ್ಸೆನ್ ಜೊತೆ ಅಂಟಾರ್ಕ್ಟಿಕಾಕ್ಕೆ.

ನಾನ್ಸೆನ್ ಕಾಲದಲ್ಲಿ ಹಿಂಭಾಗದಲ್ಲಿ ಮಾತ್ರ ಎತ್ತರಿಸಿದ ಅರ್ಧ ಡೆಕ್ ಇತ್ತು. ಅದರ ಮುಂದೆ ತಗ್ಗು. ಗಾಳಿಯಂತ್ರ ಆ ಯಾನದ್ದು. ಹಿಮದಲ್ಲಿ ನಿಂತ ಮೇಲೆ ಕಲ್ಲಿದ್ದಲು ಸುಟ್ಟು ಎಂಜಿನ್ ಓಡಿಸುವ ಹಾಗಿರಲಿಲ್ಲ. ಅದಕ್ಕೆ ಗಾಳಿಯಿಂದ ಡೈನಮೋ ತಿರುಗಿಸಿ, ತಿಂಗಳುಗಟ್ಟಲೆ ಸೂರ್ಯ ಕಾಣದ ಕತ್ತಲಲ್ಲಿ ದೀಪ ಉರಿಸುತ್ತಿದ್ದರು. ಸ್ವೆರ್ಡ್ರುಪ್ ಯಾನಕ್ಕೆ ಹೊರಡುವ ಮುಂಚೆ ಆ ಅರ್ಧ ಡೆಕ್ಕನ್ನೇ ಮೂತಿಯವರೆಗೆ ಮುಂದುವರಿಸಿ ತಗ್ಗನ್ನು ಮುಚ್ಚಿದರು. ಕೆಳಗೆ ಜಾಗ ಜಾಸ್ತಿ ಆಯಿತು. 1910ರಲ್ಲಿ 220 ಅಶ್ವಶಕ್ತಿಯ ಉಗಿ ಎಂಜಿನ್ ತೆಗೆದು 180 ಅಶ್ವಶಕ್ತಿಯ ಡೀಸೆಲ್ ಎಂಜಿನ್ ಕೂರಿಸಿದರು. ಓಸ್ಲೊದಲ್ಲಿರುವುದು ಈ ಬದಲಾವಣೆಗಳೆಲ್ಲ ಆದ ಮೇಲಿನ ಹಡಗು. 1936ರಿಂದ ಆ ಕಟ್ಟಡದೊಳಗಿದೆ.

ಹಾಗಾಗಿ ಮೊದಲು ನಿಮ್ಮ ಹಡಗು ಯಾವ ವರ್ಷದ್ದು ಅಂತ ತೀರ್ಮಾನ ಮಾಡಿ. ಬೇರೆಲ್ಲ ಅದರ ಹಿಂದೆ ಬರುತ್ತದೆ. ಗಾಳಿಯಂತ್ರ ಬೇಕೇ ಬೇಕು ಅಂದರೆ 1893. ಆಗ ಒಂದೇ ಮಟ್ಟದ ಡೆಕ್ ಇಟ್ಟುಕೊಳ್ಳುವ ಹಾಗಿಲ್ಲ.

ಆ ಎರಡು ಬಾಯಿಗಳು ಕೈತಪ್ಪಲ್ಲ. ನನ್ನ ಪ್ರಕಾರ ಇಡೀ ಡೆಕ್ಕಿನಲ್ಲಿ ಅತಿ ಮುಖ್ಯವಾದ ಭಾಗವೇ ಅದು. ಹಿಮ ಒತ್ತಿ ಬಂದಾಗ ಮೊದಲು ಮುರಿಯುವುದು ಚುಕ್ಕಾಣಿ ಮತ್ತು ಪ್ರೊಪೆಲ್ಲರ್. ಅದಕ್ಕೆ ಆರ್ಚರ್ ಎರಡಕ್ಕೂ ಬಾವಿಯ ಥರ ಒಂದೊಂದು ಕೊಳವೆ ಬಿಟ್ಟಿದ್ದರು. ಅಪಾಯ ಬಂದರೆ ಎರಡನ್ನೂ ಮೇಲಕ್ಕೆ ಎಳೆದುಕೊಳ್ಳಬಹುದು. ನೀವು ನೋಡಿದ್ದು ಆ ಬಾವಿಗಳ ಬಾಯಿ. ಮುಂದಿನದು ಪ್ರೊಪೆಲ್ಲರಿನದು, ಹಿಂದಿನದು ಚುಕ್ಕಾಣಿಯದು. ಎರಡೂ ಹಡಗಿನ ನಡುಗೆರೆಯ ಮೇಲೇ ಇರಬೇಕು. ಕೂದಲೆಳೆಯಷ್ಟೂ ಪಕ್ಕಕ್ಕೆ ಸರಿಸಬೇಡಿ. ಕೆಳಗೆ ಪ್ರೊಪೆಲ್ಲರ್ ಎಲ್ಲಿದೆಯೋ ಅದರ ನೇರ ಮೇಲೆ ಬಾಯಿ ಬರಬೇಕು, ಅಲ್ವಾ?

ದೋಣಿ ವಿಷಯದಲ್ಲಿ ನಿಮ್ಮ ಅನುಮಾನ ಸರಿ. ನಾನ್ಸೆನ್ ಒಟ್ಟು ಎಂಟು ದೋಣಿ ಒಯ್ದಿದ್ದರು, ಎಲ್ಲ ಒಂದೇ ಅಳತೆಯವಲ್ಲ. ಅದರಲ್ಲಿ ಎರಡು ಬಹಳ ದೊಡ್ಡವು, 29 ಅಡಿ ಉದ್ದ, 9 ಅಡಿ ಅಗಲ. ಹಡಗು ಹೋದರೆ ಹದಿಮೂರು ಜನ ಉಳಿಯಬೇಕಾದದ್ದು ಅವುಗಳಲ್ಲೇ. ನಿಮ್ಮ ಅಳತೆಗೆ ಅವು ಸುಮಾರು 118 ಮಿ.ಮೀ. ಉದ್ದ, 37 ಮಿ.ಮೀ. ಅಗಲ ಬರುತ್ತವೆ. ಇಡೀ ಹಡಗೇ 52 ಸೆಂ.ಮೀ. ಅಂದಮೇಲೆ ಈ ಎರಡು ದೋಣಿ ಡೆಕ್ಕಿನ ರೂಪವನ್ನೇ ಬದಲಾಯಿಸುತ್ತವೆ. 7 ಸೆಂ.ಮೀ. ದೋಣಿಗಳನ್ನು ಚಿಕ್ಕವುಗಳ ಜಾಗಕ್ಕೆ ಬಳಸಿ, ದೊಡ್ಡವನ್ನು ಕೈಯಾರೆ ಮಾಡಿ.

ಹಾಯಿಮರ:

ಬಾವಿಗಳ ವಿಷಯ ಓದಿ ಒಂದು ಕ್ಷಣ ಸುಮ್ನೆ ಕೂತುಬಿಟ್ಟೆ. ಆ ಎರಡು ಚೌಕಗಳನ್ನು ಅಳಿಸಿ ಹಲಗೆ ಮುಚ್ಚಿಬಿಡೋಣ ಅಂತ ಇದ್ದೆ.

1893 ಅಂತಲೇ ತೀರ್ಮಾನ. ಆದರೆ ಡೆಕ್ ಅಂಟಿಸಿ ಆಗಿದೆಯಲ್ಲ! ಪ್ಲೈವುಡ್ಡಿನ ಮೇಲೆ ಹಲಗೆ, ಎರಡಕ್ಕೂ ಬಿಳಿ ಅಂಟು. ಒಡಲು ಒಡೆಯದೆ ಮುಂಭಾಗದ ಡೆಕ್ ತೆಗೆಯೋಕೆ ಆಗುತ್ತಾ? ತಗ್ಗು ಎಷ್ಟು ಆಳ ಅಂತ ಎಲ್ಲಿಂದ ಅಳೆಯಲಿ?

ಉಳಿಪೆಟ್ಟು:

ಬಿಳಿ ಅಂಟಾದರೆ ಹೆದರಬೇಡಿ. ಮೆಡಿಕಲ್ ಶಾಪಿನಲ್ಲಿ ಐಸೊಪ್ರೊಪೈಲ್ ಆಲ್ಕೊಹಾಲ್ ಸಿಗುತ್ತದೆ. ಕುಂಚದಿಂದ ಹಲಗೆಗಳ ಸಂದಿಗೆ ಹಚ್ಚಿ. ಹತ್ತು ನಿಮಿಷ ಬಿಟ್ಟು ಮತ್ತೆ ಹಚ್ಚಿ. ಅಂಟು ರಬ್ಬರಿನ ಥರ ಮೆತ್ತಗಾಗುತ್ತದೆ. ಆಗ ತೆಳ್ಳಗಿನ ಚಾಕು ತೂರಿಸಿ ಒಂದೊಂದೇ ಹಲಗೆ ಎಬ್ಬಿಸಿ. ಅವಸರ ಮಾಡಿದರೆ ಹಲಗೆ ಸೀಳುತ್ತದೆ. ಕಿಟಕಿ ತೆಗೆದಿಡಿ, ಹತ್ತಿರ ದೀಪ, ಬೆಂಕಿ ಏನೂ ಬೇಡ. ಪ್ಲೈವುಡ್ಡನ್ನು ಎಬ್ಬಿಸಲು ಹೋಗಬೇಡಿ. ಅರ್ಧ ಡೆಕ್ಕಿನ ಅಂಚಿನಲ್ಲಿ ಗೆರೆ ಎಳೆದು ಸಣ್ಣ ಹಲ್ಲಿನ ಗರಗಸದಿಂದ ಕತ್ತರಿಸಿ. ಒಡಲಿನ ಒಳಗೋಡೆಗೆ ಪಟ್ಟಿ ಅಂಟಿಸಿ, ಅದರ ಮೇಲೆ ಹೊಸ ಪ್ಲೈವುಡ್ ಕೂರಿಸಿ.

ಅಳತೆಗೆ, ನಾನ್ಸೆನ್ ಈ ಯಾನದ ಬಗ್ಗೆ 1897ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಹಡಗನ್ನು ಉದ್ದಕ್ಕೆ ಸೀಳಿದ ಹಾಗೆ ಒಳಗೆಲ್ಲ ತೋರಿಸುವ ಚಿತ್ರ ಮತ್ತು ಡೆಕ್ ನಕ್ಷೆ ಇದೆ. ಪುಸ್ತಕ ಹಳೆಯದು, ಹಕ್ಕುಸ್ವಾಮ್ಯ ಮುಗಿದಿದೆ, ಉಚಿತವಾಗಿ ಸಿಗುತ್ತದೆ. ಆದರೆ ಸ್ಕ್ಯಾನ್ ಮಾಡುವಾಗ ಹಾಳೆ ಬಾಗಿರುತ್ತದೆ. ಉದ್ದ ಸರಿ ಬಂದು ಅಗಲ ತಪ್ಪಿರಬಹುದು. ಅದಕ್ಕೆ ಎರಡನ್ನೂ ಪರೀಕ್ಷೆ ಮಾಡಿ. ಒಟ್ಟು ಉದ್ದ 39 ಮೀಟರ್, ನಿಮಗೆ 520 ಮಿ.ಮೀ. ಹಿಮದಿಂದ ಕಾಯುವ ಹೊರಪದರ ಬಿಟ್ಟು ಅಗಲ 11 ಮೀಟರ್, ನಿಮಗೆ 147 ಮಿ.ಮೀ. ಈ ಎರಡೂ ಸರಿ ಬಂದ ಮೇಲೆ ಮಾತ್ರ ಉಳಿದದ್ದನ್ನು ಅಳೆಯಿರಿ.

ಹೊಸ ಹಲಗೆ ಹಾಕುವಾಗ ಸಂದಿಗೆ ಕಪ್ಪು ದಾರ ಇಡಬೇಡಿ. ಈ ಅಳತೆಯಲ್ಲಿ ದಾರ ಅಂದರೆ ಹಗ್ಗದ ಥರ ಕಾಣುತ್ತದೆ. ಹಲಗೆಯ ಅಂಚಿಗೆ 4ಬಿ ಪೆನ್ಸಿಲ್ ಒಮ್ಮೆ ಎಳೆದರೆ ಸಾಕು.

ನಾಯಿಗಾಡಿ:

ನಾನು 1910ರ ಫ್ರಾಮ್ ಕಟ್ಟುತ್ತಿದ್ದೇನೆ, ನಡುವೆ ಬಾಯಿ ಹಾಕುತ್ತಿದ್ದೇನೆ. ಫೋಟೋದಲ್ಲಿ ಡೆಕ್ ಹಲಗೆ ಎಣಿಸಿ ಅಗಲ ಲೆಕ್ಕ ಹಾಕಿದೆ. ನಕ್ಷೆಗೂ ಅದಕ್ಕೂ ತಾಳೆಯೇ ಆಗುತ್ತಿಲ್ಲ. ಒಂದು ವಾರದಿಂದ ಇದೇ ಕಥೆ. ನಿಮ್ಮಲ್ಲಿ ಯಾರಿಗಾದರೂ ಹೀಗಾಗಿದೆಯಾ?

ಗಾಜಿನ ಪ್ಲೇಟು:

ಆ ಫೋಟೋದಲ್ಲಿ ನಾಯಿಗಳಿವೆಯಾ? ಇದ್ದರೆ ನೀವು ಎಣಿಸಿದ್ದು ಡೆಕ್ ಹಲಗೆಗಳನ್ನೇ ಅಲ್ಲ.

ಅಮುಂಡ್ಸೆನ್ 1910ರ ಆಗಸ್ಟ್‌ನಲ್ಲಿ ನಾರ್ವೆಯ ತೆಂಕಣ ತುದಿಯಲ್ಲಿ 97 ಗ್ರೀನ್‌ಲ್ಯಾಂಡ್ ನಾಯಿಗಳನ್ನು ಹತ್ತಿಸಿಕೊಂಡರು. ಹೋಗುವುದು ದಕ್ಷಿಣ ಅಮೆರಿಕವನ್ನು ಸುತ್ತಿ ಉತ್ತರಕ್ಕೆ ಅಂತಲೇ ಹೆಚ್ಚಿನವರು ನಂಬಿದ್ದರು. ಉತ್ತರಕ್ಕೆ ಹೋಗುವವರು ಇಷ್ಟು ನಾಯಿಗಳನ್ನು ಭೂಮಧ್ಯರೇಖೆ ದಾಟಿಸಿ ಯಾಕೆ ಒಯ್ಯಬೇಕು ಅಂತ ಹಡಗಿನವರಿಗೇ ಅರ್ಥ ಆಗಿರಲಿಲ್ಲ. ಸೆಪ್ಟೆಂಬರಿನಲ್ಲಿ ಅಟ್ಲಾಂಟಿಕ್‌ನ ಮಡೈರಾ ದ್ವೀಪದಲ್ಲಿ ಅಮುಂಡ್ಸೆನ್ ನಿಜ ಹೇಳಿದರು: ಹೋಗುವುದು ದಕ್ಷಿಣ ಧ್ರುವಕ್ಕೆ.

ಆ ನಾಯಿಗಳನ್ನು ಬಿಸಿಲಿನ ಸಮುದ್ರದಲ್ಲಿ ತಿಂಗಳುಗಟ್ಟಲೆ ಕಾಪಾಡಬೇಕಿತ್ತು. ಅದಕ್ಕೆ ನಿಜವಾದ ಡೆಕ್ಕಿನ ಮೇಲೆ, ಸ್ವಲ್ಪ ಎತ್ತರಿಸಿ, ಬಿಡಿ ಹಲಗೆಗಳ ಇನ್ನೊಂದು ಹಾಸು ಹಾಕಿದ್ದರು. ಅಲೆ ನೀರು ಒಳಗೆ ಬಂದರೆ ನಾಯಿಗಳ ಕಾಲಿಗೆ ತಾಗದೆ ಅಡಿಯಲ್ಲೇ ಹರಿದುಹೋಗುತ್ತಿತ್ತು. ಹಲಗೆ ಎತ್ತಿ ತೊಳೆಯಲೂ ಆಗುತ್ತಿತ್ತು. ಮೇಲೆ ಬಿಸಿಲಿಗೆ ಕ್ಯಾನ್ವಾಸ್ ಚಪ್ಪರ. ಎಷ್ಟು ಚೆನ್ನಾಗಿ ನೋಡಿಕೊಂಡರು ಅಂದರೆ, 1911ರ ಜನವರಿಯಲ್ಲಿ ಅಂಟಾರ್ಕ್ಟಿಕಾದ ತಿಮಿಂಗಿಲಗಳ ಕೊಲ್ಲಿ ತಲುಪಿದಾಗ ಮರಿಗಳೂ ಸೇರಿ 116 ನಾಯಿಗಳಿದ್ದವು.

ನೀವು ಎಣಿಸಿದ್ದು ಆ ಮೇಲ್ಹಾಸನ್ನು. ಮಾದರಿಯಲ್ಲಿ ಇದನ್ನು ಮಾಡಿದರೆ ಬಹಳ ಚೆನ್ನಾಗಿರುತ್ತದೆ. ಒಂದು ಮೂಲೆಯಲ್ಲಿ ನಾಲ್ಕು ಹಲಗೆ ಎತ್ತಿಟ್ಟು, ಕೆಳಗಿನ ನಿಜವಾದ ಡೆಕ್ ಕಾಣುವ ಹಾಗೆ ಬಿಡಿ.

ನಾಯಿಗಾಡಿ:

ಹೌದು, ನಾಯಿಗಳಿವೆ! ಇನ್ನು 97 ನಾಯಿ ಮಾಡಬೇಕು, ಒಂದೊಂದೂ 8 ಮಿ.ಮೀ. ಎತ್ತರ. ಮಾಡುತ್ತೇನೆ.

ಹಾಯಿಮರ:

ಎರಡು ವಾರದ ನಂತರ ವರದಿ. ಡೆಕ್ ಕಳಚಿ ಬಂತು.

ಮೊದಲ ಸಾಲಿನ ಹಲಗೆ ಎಬ್ಬಿಸಲು ನಲವತ್ತು ನಿಮಿಷ ಬೇಕಾಯಿತು. ಆಲ್ಕೊಹಾಲ್ ಹಚ್ಚಿದಾಗ ಏನೂ ಆಗುವ ಹಾಗೆ ಕಾಣಲಿಲ್ಲ. ಮೂರನೇ ಸಲ ಹಚ್ಚಿದ ಮೇಲೆ ಹಲಗೆಯ ತುದಿ ತಾನಾಗಿ ಸ್ವಲ್ಪ ಮೇಲೆದ್ದಿತು. ಚಾಕು ತೂರಿಸಿದೆ. ಅಡಿಯಲ್ಲಿ ಅಂಟು ಹಾಲಿನ ಕೆನೆಯ ಥರ ಬಿಳಿಯಾಗಿ, ಎಳೆಎಳೆಯಾಗಿ ಬಂತು. ಒಟ್ಟು ಎರಡು ಹಲಗೆ ಮಾತ್ರ ಸೀಳಿದವು. ಪ್ಲೈವುಡ್ ಕತ್ತರಿಸುವಾಗ ಮಗಳು ಒಡಲನ್ನು ಟವೆಲಿನಲ್ಲಿ ಸುತ್ತಿ ಹಿಡಿದುಕೊಂಡಿದ್ದಳು. ಹೊಸ ಡೆಕ್ ತಗ್ಗಿನಲ್ಲಿ ಕೂತ ಕೂಡಲೇ ಹಡಗಿನ ಮುಖವೇ ಬೇರೆಯಾಯಿತು. ಈಗ ಫೋಟೋ ಪಕ್ಕಕ್ಕಿಟ್ಟು ನೋಡಿದರೆ ಅದೇ ಇದು ಅನಿಸುತ್ತದೆ.

ಉಳಿದದ್ದು ಗಾಳಿಯಂತ್ರದ ಜಾಗ. ಒಂದು ಫೋಟೋದಲ್ಲಿ ಎಡಕ್ಕೆ ಕಾಣುತ್ತದೆ, ಇನ್ನೊಂದರಲ್ಲಿ ಬಲಕ್ಕೆ. ಹಾಗೆಯೇ, ಬಣ್ಣ ಹೇಗೆ ತಿಳಿಯುವುದು? ಎಲ್ಲ ಕಪ್ಪುಬಿಳುಪು.

ಗಾಜಿನ ಪ್ಲೇಟು:

ಎಡ-ಬಲ ಬದಲಾದರೆ ಮೊದಲು ಒಂದು ಪರೀಕ್ಷೆ. ಗಾಜಿನ ನೆಗೆಟಿವ್ ಮಗುಚಿಟ್ಟು ಮುದ್ರಿಸಿದರೆ ಇಡೀ ಚಿತ್ರ ಕನ್ನಡಿಯ ಹಾಗೆ ತಿರುಗುತ್ತದೆ. ಹಳೇ ಪುಸ್ತಕಗಳಲ್ಲಿ ಇದು ಆಗುತ್ತಿತ್ತು. ಫೋಟೋದಲ್ಲಿ ಇರುವವರ ಕೋಟು ನೋಡಿ. ಗಂಡಸರ ಕೋಟಿನಲ್ಲಿ ಗುಂಡಿಗಳು ತೊಟ್ಟವರ ಬಲಗಡೆ ಇರುತ್ತವೆ. ಎಡಗಡೆ ಕಂಡರೆ ಚಿತ್ರ ತಿರುಗಿದೆ. ಎರಡು ಸಾಲು ಗುಂಡಿಯ ನಾವಿಕರ ಕೋಟು ಮಾತ್ರ ಲೆಕ್ಕಕ್ಕಿಲ್ಲ, ಅದನ್ನು ಎರಡೂ ಕಡೆಗೆ ಮುಚ್ಚುತ್ತಾರೆ. ಎಲ್ಲಾದರೂ ಅಕ್ಷರ ಕಂಡರೆ ಇನ್ನೂ ಸುಲಭ.

ತಿರುಗಿಲ್ಲ ಅಂತಾದರೆ, ಬೇರೆ ಬೇರೆ ಕಡೆಯಿಂದ ತೆಗೆದ ಎರಡು ಫೋಟೋ ತೆಗೆದುಕೊಳ್ಳಿ. ಪ್ರತಿಯೊಂದರಲ್ಲೂ ಗಾಳಿಯಂತ್ರದ ಬುಡ ಯಾವ ಹಾಯಿಮರದ, ಯಾವ ಹಗ್ಗದ ಹಿಂದೆ ಬರುತ್ತದೆ ನೋಡಿ. ನಕ್ಷೆಯ ಮೇಲೆ ಕ್ಯಾಮೆರಾ ಇದ್ದ ದಿಕ್ಕಿನಿಂದ ಆ ಹಗ್ಗದ ಬುಡದ ಮೂಲಕ ಗೆರೆ ಎಳೆಯಿರಿ. ಎರಡು ಗೆರೆ ಕೂಡುವ ಜಾಗವೇ ನಿಮಗೆ ಬೇಕಾದದ್ದು. ನಾರ್ವೆಯ ರಾಷ್ಟ್ರೀಯ ಗ್ರಂಥಾಲಯ ನಾನ್ಸೆನ್ ಯಾನದ ಫೋಟೋಗಳನ್ನು ದೊಡ್ಡ ಗಾತ್ರದಲ್ಲಿ ಆನ್‌ಲೈನ್‌ನಲ್ಲಿ ಇಟ್ಟಿದೆ. ಹುಡುಕಾಟಕ್ಕೆ ಸಿಗುವ ಸಣ್ಣ ಪ್ರತಿಗಳಲ್ಲಿ ಹಗ್ಗಗಳು ಕಾಣುವುದಿಲ್ಲ, ಅವನ್ನು ಬಳಸಬೇಡಿ.

ಬಣ್ಣದಲ್ಲಿ ಬಹಳ ಹುಷಾರು. ಆ ಕಾಲದ ಗಾಜಿನ ಫೋಟೋ ಪ್ಲೇಟುಗಳಿಗೆ ನೀಲಿ ಚೆನ್ನಾಗಿ ಕಾಣುತ್ತಿತ್ತು, ಕೆಂಪು ಹೆಚ್ಚುಕಡಿಮೆ ಕಾಣುತ್ತಲೇ ಇರಲಿಲ್ಲ. ಹಾಗಾಗಿ ಕೆಂಪು ಬಣ್ಣ ಫೋಟೋದಲ್ಲಿ ಕಪ್ಪಾಗಿ, ತಿಳಿ ನೀಲಿ ಬೆಳ್ಳಗೆ ಬರುತ್ತದೆ. ಕಪ್ಪಗಿದೆ ಅಂದ ಮಾತ್ರಕ್ಕೆ ಕಪ್ಪು ಬಳಿಯಬೇಡಿ. ಅಮುಂಡ್ಸೆನ್ ಉಪನ್ಯಾಸಕ್ಕೆ ಬಳಸಿದ ಬಣ್ಣದ ಸ್ಲೈಡುಗಳಿವೆಯಲ್ಲ, ಅವು ಬಣ್ಣದ ಫೋಟೋ ಅಲ್ಲ. ಕಪ್ಪುಬಿಳುಪಿನ ಮೇಲೆ ಕೈಯಲ್ಲಿ ಬಣ್ಣ ಹಚ್ಚಿದ್ದು. ನೋಡಲು ಸೊಗಸು, ಸಾಕ್ಷಿಯಾಗಿ ಬೇಡ. ಗೊತ್ತಾಗದ ಜಾಗವನ್ನು ನಾನಾದರೆ ಬರೀ ಮರದ ಬಣ್ಣದಲ್ಲೇ ಬಿಡುತ್ತೇನೆ.

ಹಾಯಿಮರ:

ಒಂದು ಫೋಟೋ ನಿಜವಾಗಿಯೂ ತಿರುಗಿತ್ತು! ಹಗ್ಗದ ಪಕ್ಕ ನಿಂತವನ ಕೋಟಿನ ಗುಂಡಿ ಎಡಗಡೆ. ಮಗಳೇ ಭೂತಗನ್ನಡಿ ಹಿಡಿದು ಕಂಡುಹಿಡಿದಳು. ಅದನ್ನು ಸರಿಯಾಗಿ ತಿರುಗಿಸಿದ ಮೇಲೆ ಎರಡು ಗೆರೆಗಳು ಕೂಡಿದವು. ಪೆನ್ಸಿಲಿನಲ್ಲಿ ಗುರುತು ಹಾಕಿ, 1 ಮಿ.ಮೀ. ತೂತು ಕೊರೆದು, ನಿನ್ನೆ ರಾತ್ರಿ ಗಾಳಿಯಂತ್ರ ನಿಲ್ಲಿಸಿದೆವು. ಬಾವಿಗಳ ಬಾಯಿಗೆ ಮುಚ್ಚಳ ಅಂಟಿಸಿಲ್ಲ. ಎತ್ತಿದರೆ ಕೆಳಗೆ ಪ್ರೊಪೆಲ್ಲರ್ ಕಾಣುತ್ತದೆ.

ಈಗ ದೊಡ್ಡ ದೋಣಿಗಳ ಕೆಲಸ ಶುರು. 118 ಮಿ.ಮೀ. ಅಂತ ಕಾಗದ ಕತ್ತರಿಸಿ ಡೆಕ್ ಮೇಲೆ ಇಟ್ಟು ನೋಡಿದೆ, ಕಿಟ್ಟಿನಲ್ಲಿ ದೋಣಿ ಕೂರಿಸಲು ಕೊಟ್ಟ ಕಟ್ಟೆಗಳು ಯಾವುದಕ್ಕೂ ಸಾಲುವುದಿಲ್ಲ. ಕಟ್ಟೆಗಳ ಹತ್ತಿರದ ಫೋಟೋ ಯಾರ ಹತ್ತಿರವಾದರೂ ಇದ್ದರೆ ತಿಳಿಸಿ, 1893ರದ್ದೇ ಆಗಬೇಕು.