ನೆಬ್ರಾಸ್ಕಾದ ಹೋಮ್‌ಸ್ಟೆಡ್ ರೈತ ಕುಟುಂಬದ ಮೂಲ: ಜರ್ಮನಿಯೋ, ರಷ್ಯಾವೋ?

ಪ್ರಶ್ನೆ

ನನ್ನ ಪತಿಯ ತಾಯಿಯ ಕಡೆಯ ಪೂರ್ವಜರು ನೆಬ್ರಾಸ್ಕಾ ರಾಜ್ಯದ ಕ್ಲೇ ಕೌಂಟಿಯಲ್ಲಿ, ಸಟನ್ ಪಟ್ಟಣದ ಆಸುಪಾಸಿನಲ್ಲಿ, 1870ರ ದಶಕದಲ್ಲಿ ಹುಲ್ಲುಗಾವಲನ್ನು ಉತ್ತು ನೆಲೆನಿಂತವರು. ಮಕ್ಕಳಿಗಾಗಿ ಆ ವಂಶದ ಚರಿತ್ರೆಯನ್ನು ಬರೆದಿಡಲು ಹೊರಟಿದ್ದೇನೆ. ಆದರೆ ಸಿಕ್ಕ ದಾಖಲೆಗಳು ಒಂದಕ್ಕೊಂದು ತಾಳೆಯಾಗುತ್ತಿಲ್ಲ. ಮನೆಯ ಹಿರಿಯರೆಲ್ಲ ತಾವು ಜರ್ಮನಿಯಿಂದ ಬಂದವರೆಂದೇ ಹೇಳುತ್ತಾರೆ, ಅವರಲ್ಲಿರುವ ಹಳೆಯ ಬೈಬಲ್ ಕೂಡ ಜರ್ಮನ್ ಭಾಷೆಯದು. 1900ರ ಜನಗಣತಿಯಲ್ಲಿ ಮಾತ್ರ ಯಜಮಾನ, ಅವನ ತಂದೆ, ತಾಯಿ ಮೂವರ ಜನ್ಮಸ್ಥಳವೂ ರಷ್ಯಾ ಎಂದಿದೆ. ಸರ್ಕಾರ 160 ಎಕರೆ ಕೊಟ್ಟಿತೆಂಬ ಮಾತು ಮನೆಯಲ್ಲಿ ನಡೆದು ಬಂದಿದೆ, ಆದರೆ ಭೂ ನಿರ್ವಹಣಾ ಬ್ಯೂರೋದ ಜಾಲತಾಣದಲ್ಲಿ ಸಿಕ್ಕ 1881ರ ಪೇಟೆಂಟ್ (ಸರ್ಕಾರ ಕೊಟ್ಟ ನೆಲದ ಹಕ್ಕುಪತ್ರ) ಇರುವುದು 80 ಎಕರೆಗೆ. ಇವುಗಳಲ್ಲಿ ಯಾವುದನ್ನು ನಂಬಬೇಕು, ಸಾಗರದಾಚೆಯ ಊರಿನ ಹೆಸರನ್ನು ಹೇಗೆ ಕಂಡುಕೊಳ್ಳಬೇಕು ಎಂದು ತಿಳಿದವರು ದಯವಿಟ್ಟು ತಿಳಿಸಬೇಕು.

ಮೊದಲ ಉತ್ತರ

ಪೇಟೆಂಟ್ ಎಂಬುದು ಕೊನೆಯ ಹಾಳೆ ಮಾತ್ರ. ನಿಮಗೆ ಬೇಕಾಗಿರುವುದು ಅದರ ಹಿಂದಿನ ಕಡತ. ಅದು ವಾಷಿಂಗ್ಟನ್ನಿನ ರಾಷ್ಟ್ರೀಯ ದಾಖಲಾಗಾರದ ಸಂಗ್ರಹಕ್ಕೆ ಸೇರಿದ್ದು. ನೆಲೆಸಿ ಉಳುವವರಿಗೆ ಸರ್ಕಾರಿ ನೆಲ ಕೊಡುತ್ತಿದ್ದ 1862ರ ಹೋಮ್‌ಸ್ಟೆಡ್ ಕಾಯ್ದೆಯ ಪ್ರಕಾರ ಅರ್ಜಿದಾರನು ಅಮೆರಿಕದ ಪ್ರಜೆಯಾಗಿರಬೇಕಿತ್ತು, ಇಲ್ಲವೇ ಪ್ರಜೆಯಾಗುವ ಇಂಗಿತವನ್ನು ನ್ಯಾಯಾಲಯದಲ್ಲಿ ಘೋಷಿಸಿರಬೇಕಿತ್ತು. ಐದು ವರ್ಷ ಅಲ್ಲೇ ವಾಸವಿದ್ದು ಸಾಗುವಳಿ ಮಾಡಿದ್ದನ್ನು ಇಬ್ಬರು ಸಾಕ್ಷಿಗಳ ಸಮೇತ ರುಜುವಾತುಪಡಿಸಿದ ಮೇಲೆಯೇ ನೆಲ ಅವನದಾಗುತ್ತಿತ್ತು. ಹೀಗಾಗಿ ವಲಸೆಗಾರನ ಕಡತದಲ್ಲಿ ಸಾಮಾನ್ಯವಾಗಿ ಪೌರತ್ವದ ಕಾಗದದ ಪ್ರತಿ ಇರುತ್ತದೆ. ಆ ಕಾಗದವನ್ನು ಗಮನವಿಟ್ಟು ಓದಿ. ಅರ್ಜಿದಾರನು ಯಾವ ದೊರೆಗೆ ತನ್ನ ನಿಷ್ಠೆಯನ್ನು ತೊರೆಯುತ್ತಿದ್ದಾನೆಂದು ಅದರಲ್ಲಿ ಬರೆದಿರುತ್ತಾರೆ: ಜರ್ಮನ್ ಚಕ್ರವರ್ತಿಗೋ, ಪ್ರಶ್ಯದ ರಾಜನಿಗೋ, ರಷ್ಯಾದ ಚಕ್ರವರ್ತಿಗೋ. ನಿಮ್ಮ ಮೊದಲ ಸಂಶಯ ಆ ಒಂದು ಸಾಲಿನಲ್ಲೇ ಬಗೆಹರಿಯಬಹುದು. ಮನೆ ಎಷ್ಟು ಅಡಿ ಉದ್ದಗಲವಿತ್ತು, ಎಷ್ಟು ಎಕರೆ ಉತ್ತಿದ್ದರು, ಬಾವಿ ತೋಡಿದ್ದರೇ, ಮನೆಯಲ್ಲಿ ಎಷ್ಟು ಮಕ್ಕಳಿದ್ದರು ಎಂಬ ವಿವರಗಳೂ ಅಂತಿಮ ರುಜುವಾತಿನ ಹೇಳಿಕೆಯಲ್ಲಿ ಸಿಗುತ್ತವೆ. ಕಡತವನ್ನು ತರಿಸಲು ಬೇಕಾಗುವ ಭೂ ಕಚೇರಿಯ ಹೆಸರು, ಪ್ರಮಾಣಪತ್ರದ ಸಂಖ್ಯೆ, ನೆಲ ಎಲ್ಲಿದೆಯೆಂದು ಸೂಚಿಸುವ ಸೆಕ್ಷನ್ (ಸುಮಾರು ಒಂದು ಚದರ ಮೈಲಿಯ ತುಂಡು), ಟೌನ್‌ಶಿಪ್ ಮತ್ತು ರೇಂಜ್ ಸಂಖ್ಯೆಗಳು ಎಲ್ಲವೂ ನಿಮ್ಮ ಪೇಟೆಂಟಿನಲ್ಲೇ ಇವೆ.

ಎರಡನೆಯ ಉತ್ತರ

ಮನೆಯ ಮಾತೂ ಗಣತಿಯ ಮಾತೂ ಎರಡೂ ನಿಜವಿರಬಹುದು. 1763ರಲ್ಲಿ ರಷ್ಯಾದ ರಾಣಿ ಎರಡನೆಯ ಕ್ಯಾಥರೀನ್ ಹೊರಡಿಸಿದ ಆಹ್ವಾನದ ಮೇರೆಗೆ ಜರ್ಮನ್ ರೈತರು ವೋಲ್ಗಾ ತೀರಕ್ಕೂ, ಮುಂದೆ ಮೊದಲನೆಯ ಅಲೆಕ್ಸಾಂಡರನ ಕಾಲದಲ್ಲಿ ಕಪ್ಪು ಸಮುದ್ರದ ಸೀಮೆಗೂ ಹೋಗಿ ನೆಲೆಸಿದರು. ತಲೆಮಾರುಗಳು ಉರುಳಿದರೂ ಅವರು ಜರ್ಮನ್ ಮಾತು ಬಿಡಲಿಲ್ಲ. 1870ರ ದಶಕದಲ್ಲಿ ಅವರ ವಿಶೇಷ ಹಕ್ಕುಗಳು ರದ್ದಾಗಿ, 1874ರಲ್ಲಿ ಸೈನ್ಯದ ಕಡ್ಡಾಯ ಸೇವೆಯೂ ಬಂದಾಗ ಸಾವಿರಾರು ಮಂದಿ ಅಮೆರಿಕದ ಬಯಲುಸೀಮೆಗೆ ಹೊರಟರು. ಸಟನ್ ಅಂಥವರ ಹೆಸರುವಾಸಿ ನೆಲೆ; ಒಡೆಸ್ಸಾ ಸಮೀಪದ ವೋರ್ಮ್ಸ್ ಮತ್ತು ರೋರ್‌ಬಾಖ್ ಹಳ್ಳಿಗಳವರು 1873ರಿಂದಲೇ ಅಲ್ಲಿಗೆ ಬಂದರು. 1910ರ ಗಣತಿಯಲ್ಲಿ ಮಾತೃಭಾಷೆಯನ್ನೂ ಕೇಳಿದ್ದಾರೆ. ಜನ್ಮಸ್ಥಳದ ಅಂಕಣದಲ್ಲಿ ರಷ್ಯಾದ ಪಕ್ಕದಲ್ಲೇ ಜರ್ಮನ್ ಎಂದು ಬರೆದಿದ್ದರೆ ಅನುಮಾನಕ್ಕೆ ಎಡೆಯಿಲ್ಲ.

ಇನ್ನು ಊರಿನ ವಿಚಾರ. ಕುಲನಾಮವೊಂದನ್ನೇ ಹಿಡಿದು ಹಡಗಿನ ಪಟ್ಟಿಗಳಲ್ಲಿ ಹುಡುಕುವವರು ಬೇಗ ದಣಿಯುತ್ತಾರೆ, ಏಕೆಂದರೆ ಕಾಗುಣಿತ ಗುಮಾಸ್ತನಿಂದ ಗುಮಾಸ್ತನಿಗೆ ಬದಲಾಗುತ್ತಿತ್ತು. ನನ್ನ ಸಲಹೆಯೆಂದರೆ ನೆರೆಹೊರೆಯವರನ್ನು ಹಿಡಿಯಿರಿ. ಹೋಮ್‌ಸ್ಟೆಡ್ ಕಡತದಲ್ಲಿ ಸಾಕ್ಷಿ ಹೇಳಿದವರು, ಗಣತಿಯ ಹಾಳೆಯಲ್ಲಿ ಮೇಲೆ ಕೆಳಗೆ ಇರುವ ಮನೆಗಳವರು, ಮಗುವಿನ ದೀಕ್ಷಾಸ್ನಾನಕ್ಕೆ ನಿಂತವರು, ಇವರೆಲ್ಲ ಹಲವು ಸಲ ಹಿಂದೆ ಒಂದೇ ಹಳ್ಳಿಯವರಾಗಿರುತ್ತಾರೆ. ಅವರಲ್ಲಿ ಒಬ್ಬನ ಊರು ಗೊತ್ತಾದರೂ ನಿಮ್ಮ ಹುಡುಕಾಟ ಅರ್ಧದಷ್ಟು ಹಗುರಾಗುತ್ತದೆ. ಹ್ಯಾಂಬರ್ಗ್ ಬಂದರಿನ 1850ರಿಂದ 1934ರವರೆಗಿನ ನಿರ್ಗಮನ ಪಟ್ಟಿಗಳಲ್ಲಿ ಪ್ರಯಾಣಿಕನ ವಾಸಸ್ಥಳವನ್ನು ನಮೂದಿಸಿರುವುದುಂಟು. ಬ್ರೆಮೆನ್ ಪಟ್ಟಿಗಳು ಬಹುತೇಕ ನಾಶವಾಗಿವೆ. ಹಳ್ಳಿ ಗೊತ್ತಾದ ಮೇಲೆ, ಕುಟುಂಬ ಲೂಥರನ್ ಪಂಥದ್ದಾಗಿದ್ದರೆ, ಸೇಂಟ್ ಪೀಟರ್ಸ್‌ಬರ್ಗ್ ಧರ್ಮಮಂಡಳಿಗೆ ಒಪ್ಪಿಸುತ್ತಿದ್ದ 1833ರಿಂದ 1885ರವರೆಗಿನ ಜನನ, ವಿವಾಹ, ಮರಣಗಳ ಪ್ರತಿಗಳನ್ನು ನೋಡಬಹುದು. ರಷ್ಯಾದಿಂದ ಬಂದ ಜರ್ಮನರ ಇತಿಹಾಸಕ್ಕೆಂದೇ ಇರುವ ಅಮೆರಿಕದ ಸಂಘದ ಕೇಂದ್ರ ಕಚೇರಿ ನೆಬ್ರಾಸ್ಕಾದ ಲಿಂಕನ್ ನಗರದಲ್ಲೇ ಇದೆ.

ಪ್ರಶ್ನಿಸಿದವರು

ಇಬ್ಬರಿಗೂ ಧನ್ಯವಾದಗಳು. ಪೇಟೆಂಟಿನಲ್ಲಿರುವ ಸೆಕ್ಷನ್ ಸಂಖ್ಯೆ 14. ಉಳಿದ 80 ಎಕರೆಯ ಸುಳಿವು ಇನ್ನೂ ಸಿಕ್ಕಿಲ್ಲ. 1890ರ ಗಣತಿಯಲ್ಲಿ ಈ ಕುಟುಂಬವೇ ಕಾಣುತ್ತಿಲ್ಲ. ಆಗ ಅವರು ಬೇರೆಡೆಗೆ ಹೋಗಿದ್ದರೇ?

ಮೂರನೆಯ ಉತ್ತರ

ಅವರು ಎಲ್ಲಿಗೂ ಹೋಗಿರಬೇಕಾಗಿಲ್ಲ. 1890ರ ಗಣತಿಯ ಹಾಳೆಗಳು 1921ರ ಜನವರಿಯಲ್ಲಿ ವಾಷಿಂಗ್ಟನ್ನಿನ ವಾಣಿಜ್ಯ ಇಲಾಖೆಯ ಕಟ್ಟಡಕ್ಕೆ ಬಿದ್ದ ಬೆಂಕಿಯಲ್ಲಿ ಹಾಳಾದವು, ಅಳಿದುಳಿದವುಗಳಲ್ಲಿ ಹೆಚ್ಚಿನವನ್ನು ಸರ್ಕಾರವೇ ಆಮೇಲೆ ವಿಲೇವಾರಿ ಮಾಡಿತು. ಅದೃಷ್ಟಕ್ಕೆ ನೆಬ್ರಾಸ್ಕಾದಲ್ಲಿ 1885ರಲ್ಲಿ ಪ್ರತ್ಯೇಕ ಗಣತಿ ನಡೆದಿದೆ, ಅದರ ಜೊತೆಗೆ ಕೃಷಿಯ ಹಾಳೆಗಳೂ ಇವೆ. ಯಾವ ಬೆಳೆ ಎಷ್ಟು ಬುಷೆಲ್ ಬಂತು, ಹಸು, ಹಂದಿ, ಕುದುರೆ ಎಷ್ಟಿದ್ದವು ಎಂಬುದನ್ನು ಅಲ್ಲಿ ಓದುವಾಗ ಆ ಮನೆಯ ಬದುಕು ಪೇಟೆಂಟಿಗಿಂತ ಚೆನ್ನಾಗಿ ಕಣ್ಣಿಗೆ ಕಟ್ಟುತ್ತದೆ.

ಎಕರೆಗಳ ಒಗಟಿಗೆ ನನಗೆ ತೋಚುವ ಉತ್ತರ ರೈಲ್ವೆ. ಆ ಭಾಗದಲ್ಲಿ ಬರ್ಲಿಂಗ್ಟನ್ ರೈಲು ಕಂಪನಿಗೆ ಬೆಸ ಸಂಖ್ಯೆಯ ಸೆಕ್ಷನ್‌ಗಳನ್ನು ಸರ್ಕಾರ ಬಿಟ್ಟುಕೊಟ್ಟಿತ್ತು. ಅಂಥ ವಲಯದೊಳಗಿನ ಸಮ ಸಂಖ್ಯೆಯ ಸೆಕ್ಷನ್‌ಗಳಲ್ಲಿ, ಮಾಜಿ ಸೈನಿಕರನ್ನು ಬಿಟ್ಟರೆ, 1879ರವರೆಗೆ ಸಾಮಾನ್ಯ ಹೋಮ್‌ಸ್ಟೆಡ್‌ದಾರನಿಗೆ 80 ಎಕರೆ ಮಾತ್ರ ಸಿಗುತ್ತಿತ್ತು. ನಿಮ್ಮದು ಸಮ ಸಂಖ್ಯೆ, ವಿಸ್ತೀರ್ಣವೂ ಹೊಂದುತ್ತದೆ. ಇನ್ನೊಂದು 80 ಎಕರೆಯನ್ನು ಅವರು ಪಕ್ಕದ 13 ಅಥವಾ 15ನೆಯ ಸೆಕ್ಷನ್ನಿನಲ್ಲಿ ಕಂಪನಿಯಿಂದ ಕಂತಿನ ಮೇಲೆ ಕೊಂಡಿರುವ ಸಾಧ್ಯತೆ ಹೆಚ್ಚು. ಹಾಗಿದ್ದರೆ ಅದರ ಕ್ರಯಪತ್ರ ವಾಷಿಂಗ್ಟನ್ನಿನಲ್ಲಿ ಇರುವುದಿಲ್ಲ, ಕ್ಲೇ ಕೌಂಟಿಯ ನೋಂದಣಿ ಕಚೇರಿಯಲ್ಲಿ ಇರುತ್ತದೆ. ಮುಂದೆ ಆ ನೆಲವನ್ನು ಮಾರಿದಾಗ ಅಥವಾ ಅಡವಿಟ್ಟಾಗ ಹೆಂಡತಿಯೂ ಸಹಿ ಹಾಕಿರುತ್ತಾಳಾದ್ದರಿಂದ, ಗಣತಿಗಳ ನಡುವೆ ಮೊದಲ ಹೆಂಡತಿ ತೀರಿಕೊಂಡು ಮರುಮದುವೆ ಆಗಿದ್ದರೆ ಅದೂ ಅಲ್ಲಿ ಗೊತ್ತಾಗುತ್ತದೆ. ಅವಳ ತವರಿನ ಕುಲನಾಮ ಬೇಕಿದ್ದರೆ, 1904ರ ನಂತರ ನೆಬ್ರಾಸ್ಕಾದಲ್ಲಿ ತೀರಿಕೊಂಡ ಮಕ್ಕಳ ಮರಣ ಪ್ರಮಾಣಪತ್ರಗಳನ್ನು ಒಂದೊಂದಾಗಿ ತರಿಸಿ ನೋಡಿ. ಒಬ್ಬ ಮಗನ ಪತ್ರದಲ್ಲಿ ತಪ್ಪಾಗಿ ಬರೆಸಿದ್ದು ಮಗಳ ಪತ್ರದಲ್ಲಿ ಸರಿಯಾಗಿರಬಹುದು.