ಗ್ರಿಲ್ ತೋಟದಲ್ಲಿ ಕೆಸು, ಕೆಳಗೆ ಕಣಗಿಲೆ: ಮನೆಗೆ ಚಿಕ್ಕ ಮಗು ಬರ್ತಿದೆ, ಏನೇನು ತೆಗೆಯಬೇಕು?

ಡೊಂಬಿವಲಿ ಸೊಸೆ:

ಎಲ್ಲರಿಗೂ ನಮಸ್ಕಾರ. ಮುಂಬೈ ಹತ್ತಿರ ಡೊಂಬಿವಲಿ ಪೂರ್ವದಲ್ಲಿ ನಮ್ಮದು ಎಂಬತ್ತರ ದಶಕದ ಹಳೆಯ ಬಿಲ್ಡಿಂಗ್, ಮೊದಲ ಮಹಡಿ. ಕಿಟಕಿಗಳಿಗೆ ಹೊರಗೆ ಚಾಚಿದ ಪೆಟ್ಟಿಗೆ ಗ್ರಿಲ್ ಇದೆಯಲ್ಲ, ಅದೇ ನಮ್ಮ ತೋಟ. ಕುಂದಾಪುರದಿಂದ ಅತ್ತೆ ಬಂದ ಮೇಲೆ ಅಲ್ಲಿ ಬಟ್ಟೆ ಒಣಗಿಸಲೂ ಜಾಗ ಇಲ್ಲ. ಪತ್ರೊಡೆಗೆ ಕೆಸು, ಬಸಳೆ, ದೊಡ್ಡಪತ್ರೆ, ಕರಿಬೇವು, ತುಳಸಿ. ನಡುವೆ ಸೊಸೈಟಿಯಲ್ಲಿ ಮನೆ ಖಾಲಿ ಮಾಡಿದವರು ಕೊಟ್ಟುಹೋದ ಶೋ ಗಿಡಗಳು: ಮನಿ ಪ್ಲಾಂಟ್, ದಪ್ಪ ಬುಡದ ಅಡೇನಿಯಂ, ಎಲೆ ಮೇಲೆ ಬಿಳಿ ಮಚ್ಚೆ ಇರುವ ಇನ್ನೊಂದು. ಅದು ಡಿಫೆನ್‌ಬಾಕಿಯಾ ಅಂತ ತೋಟದ ಕೆಲಸದ ಮಾಳಿ ಹೇಳಿದ.

ಗಣಪತಿ ಹಬ್ಬಕ್ಕೆ ನಾದಿನಿ ಬರ್ತಿದ್ದಾಳೆ, ತಿಂಗಳು ಇರ್ತಾಳೆ. ಜೊತೆಗೆ ಒಂದೂವರೆ ವರ್ಷದ ಮಗ. ಸಿಕ್ಕಿದ್ದೆಲ್ಲ ಬಾಯಿಗೆ ಹಾಕುವ ವಯಸ್ಸು. ಮೊನ್ನೆ ವಿಡಿಯೋ ಕಾಲ್‌ನಲ್ಲಿ ಅಪ್ಪನ ಚಪ್ಪಲಿ ಕಚ್ಚುತ್ತಾ ನಮಗೆ ಟಾಟಾ ಮಾಡಿದ.

ಕೆಳಗೆ ಕಂಪೌಂಡ್ ಪಕ್ಕ ರಸ್ತೆಗೆ ಅಂಟಿದ ಒಂದು ಪಟ್ಟಿ ನೆಲ ಇದೆ. ಅಲ್ಲಿ ಕೆಂಪು ಕಣಗಿಲೆ, ಹಳದಿ ಕಣಗಿಲೆ ಎರಡೂ ಇವೆ. ಕಡಿಸೋಣ ಅಂದ್ರೆ ಅತ್ತೆ ಒಪ್ಪಲ್ಲ. ಸೋಮವಾರ ಶಿವನಿಗೆ ಅದೇ ಹೂವು ಬೇಕು. "ಊರಲ್ಲಿ ಮನೆಮನೆಗೂ ಇತ್ತು, ಯಾರು ಸತ್ರು ಹೇಳು" ಅಂತಾರೆ. ನನ್ನ ಹತ್ರ ಉತ್ತರ ಇಲ್ಲ.

ಇನ್ನೂ ಮೂರು ವಿಷಯ. ಹಬ್ಬಕ್ಕೆ ಮೊದಲು ಗ್ರಿಲ್‌ಗೆ ಬಣ್ಣ ಹೊಡೆಸಬೇಕು, ಪೇಂಟರ್ ಬಂದು ಹಳೆಯದನ್ನು ಕೆರೆಯುತ್ತಾನೆ. ಪಕ್ಕದ ಮನೆಯ ಆಂಟಿ ಪಾರಿವಾಳದ ಹಿಕ್ಕೆ ಗೋರಿ ತಂದು "ಒಳ್ಳೆ ಗೊಬ್ಬರ" ಅಂತ ನಮ್ಮ ಕುಂಡಗಳಿಗೂ ಹಾಕ್ತಾರೆ. ಮಾಳಿ ಹುಳಕ್ಕೆ ಅಂತ ಕೆಟ್ಟ ವಾಸನೆಯ ಹರಳಿನಂಥ ಔಷಧಿ ಉದುರಿಸ್ತಾನೆ. ಯಾವುದಕ್ಕೆ ಹೆದರಬೇಕು, ಯಾವುದು ಸುಮ್ನೆ ಗಾಬರಿ, ಗೊತ್ತಿದ್ದವರು ಹೇಳಿ.

ಠಾಣೆ ಸಿಸ್ಟರ್:

ಮಕ್ಕಳ ವಾರ್ಡ್‌ನಲ್ಲಿ ನರ್ಸ್ ಆಗಿದ್ದೇನೆ, ನನಗೆ ಗೊತ್ತಿರೋದಷ್ಟು ಹೇಳ್ತೀನಿ. ಡಿಫೆನ್‌ಬಾಕಿಯಾ ಎಲೆ ಕಚ್ಚಿದ ಮಗು ಹೇಗಿರುತ್ತೆ ಗೊತ್ತಾ? ತುಟಿ ಊದಿರುತ್ತೆ, ಜೊಲ್ಲು ಒಂದೇ ಸಮ ಇಳಿಯುತ್ತೆ, ನೀರು ಕೊಟ್ಟರೂ ನುಂಗಲ್ಲ, ಅಳೋಕೂ ದನಿ ಸರಿಯಾಗಿ ಬರಲ್ಲ. ಆ ಎಲೆಯೊಳಗೆ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿವೆ, ಅಗಿದ ತಕ್ಷಣ ಚುಚ್ಚುತ್ತವೆ. ಮನಿ ಪ್ಲಾಂಟಿನಲ್ಲೂ ಇದೇ ಇದೆ. ನಿಮ್ಮ ಕೆಸುವಿನಲ್ಲೂ ಇದೆ, ಅದಕ್ಕೇ ಹುಣಸೆಹಣ್ಣು ಹಾಕಿ ಚೆನ್ನಾಗಿ ಬೇಯಿಸ್ತೀವಿ. ಹಸಿ ಎಲೆ ಮಗುವಿನ ಕೈಗೆ ಸಿಗಬಾರದು.

ಆಗಿಹೋದರೆ: ಬಾಯೊಳಗಿನ ಚೂರು ತೆಗೆಯಿರಿ, ಒದ್ದೆ ಬಟ್ಟೆಯಿಂದ ಒರೆಸಿ, ನುಂಗೋಕೆ ಆದರೆ ತಣ್ಣನೆ ನೀರೋ ಹಾಲೋ ಗುಟುಕು ಗುಟುಕಾಗಿ ಕೊಡಿ. ವಾಂತಿ ಮಾಡಿಸಬೇಡಿ, ಉಪ್ಪುನೀರು ಕುಡಿಸಬೇಡಿ. ಬಾವು ಏರಿದರೆ, ಉಸಿರಲ್ಲಿ ಗೊರಗೊರ ಬಂದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ. ರಸ ಕಣ್ಣಿಗೆ ಬಿದ್ದರೆ ಕಾಲು ಗಂಟೆಯಾದರೂ ನಲ್ಲಿ ನೀರಲ್ಲಿ ತೊಳೆಯಿರಿ.

ಕಣಗಿಲೆ ಬೇರೆ ಲೆಕ್ಕ. ಅದು ಹೃದಯದ ಬಡಿತವನ್ನೇ ತಪ್ಪಿಸುತ್ತೆ. ಹಳದಿ ಕಣಗಿಲೆಯ ಹಸಿರು ಕಾಯಿಯೊಳಗಿನ ಬೀಜ ಎಲ್ಲಕ್ಕಿಂತ ಕೆಟ್ಟದ್ದು. ಮಗು ಚೆನ್ನಾಗೇ ಆಡ್ತಿದೆ ಅಂತ ಮನೆಯಲ್ಲಿ ಕಾಯಬೇಡಿ, ನೇರ ದೊಡ್ಡ ಆಸ್ಪತ್ರೆಗೆ ಹೋಗಿ. ಜೊತೆಗೆ ಗಿಡದ ಒಂದು ರೆಂಬೆ ತನ್ನಿ, ಇಲ್ಲ ಫೋಟೋ ತೆಗೆದುಕೊಳ್ಳಿ. ಡ್ಯೂಟಿ ಡಾಕ್ಟರಿಗೆ "ಏನೋ ಎಲೆ" ಅಂದ್ರೆ ಏನೂ ಉಪಯೋಗ ಇಲ್ಲ. ದಿಲ್ಲಿ ಏಮ್ಸ್‌ನ ವಿಷ ಮಾಹಿತಿ ಕೇಂದ್ರದ ಉಚಿತ ನಂಬರ್ 1800 116 117, ಫ್ರಿಜ್ ಮೇಲೆ ಅಂಟಿಸಿಡಿ. ಆಂಬುಲೆನ್ಸ್‌ಗೆ ಮಹಾರಾಷ್ಟ್ರದಲ್ಲಿ 108.

ಐರೋಲಿ ಅಜ್ಜ:

ಮಗಳೇ, ಸಿಸ್ಟರ್ ಗಿಡಗಳ ಬಗ್ಗೆ ಸರಿಯಾಗಿ ಹೇಳಿದ್ದಾರೆ. ನೀನು ನಡುವೆ ಸುಮ್ನೆ ಒಂದು ಸಾಲಲ್ಲಿ ಬರೆದು ಬಿಟ್ಟ ಗ್ರಿಲ್ ನನಗೆ ಜಾಸ್ತಿ ಚಿಂತೆ ತಂದಿತು. ನಾನು ಠಾಣೆ-ಬೇಲಾಪುರ ರಸ್ತೆಯ ಒಂದು ಬಣ್ಣದ ಕಾರ್ಖಾನೆಯಲ್ಲಿ ಲ್ಯಾಬ್ ಕೆಲಸ ಮಾಡಿ ನಿವೃತ್ತನಾದವನು. ಗ್ರಿಲ್ ಬಣ್ಣದಲ್ಲಿ ಏನೇನು ಕಲೆಸುತ್ತಿದ್ದೆವು ಅಂತ ಗೊತ್ತು.

ಎಂಬತ್ತರ ದಶಕದ ಕಬ್ಬಿಣದ ಗ್ರಿಲ್ ಅಂದರೆ ಕೆಳಪದರ ಬಹಳ ಕಡೆ ರೆಡ್ ಲೆಡ್ ಪ್ರೈಮರ್. ಅಂದರೆ ಸೀಸ. ಅದರ ಮೇಲೆ ಹೊಡೆಯುತ್ತಿದ್ದ ಗಾಢ ಹಳದಿ, ಕಿತ್ತಳೆ, ಹಸಿರು ಎನಾಮೆಲ್‌ಗಳಲ್ಲೂ ಲೆಡ್ ಕ್ರೋಮೇಟ್ ಇರುತ್ತಿತ್ತು. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿಗೆ 90 ಪಾಲು, ದಾಟಬಾರದು ಅನ್ನುವ ನಿಯಮ ಬಂದಿದ್ದೇ 2016ರಲ್ಲಿ, ಜಾರಿಯಾಗಿದ್ದು 2017ರ ನವೆಂಬರಿನಿಂದ. ಅದಕ್ಕೆ ಮೊದಲಿನ ಪದರಗಳೆಲ್ಲ ನಿಮ್ಮ ಗ್ರಿಲ್ ಮೇಲೆ ಒಂದರ ಮೇಲೊಂದು ಕೂತಿವೆ.

ಒಂದು ಕೆಲಸ ಮಾಡು. ಗ್ರಿಲ್‌ನ ಕೆಳಗಿನ ಅಡ್ಡಪಟ್ಟಿ, ಕುಂಡ ಇಡುವ ಜಾಗ, ಅಲ್ಲಿ ಬಣ್ಣ ಹಪ್ಪಳದ ಹಾಗೆ ಎದ್ದಿರುತ್ತದೆ. ಹಗಲು ಬೆಳಕಲ್ಲಿ ಆ ಚಕ್ಕೆಯ ಅಂಚು ನೋಡು. ಮೇಲೆ ಈಗಿನ ಬಣ್ಣ, ಅದರಡಿ ಹಳೆಯ ಹಸಿರೋ ನೀಲಿಯೋ, ತೀರಾ ತಳದಲ್ಲಿ ಕಬ್ಬಿಣಕ್ಕೆ ಅಂಟಿದಂತೆ ಒಂದು ಪದರ. ಅದು ಮಂಕಾದ ಇಟ್ಟಿಗೆ ಕಂದು ಇದ್ದರೆ ರೆಡ್ ಆಕ್ಸೈಡ್ ಇರಬಹುದು, ಅದು ಕಬ್ಬಿಣದ ಆಕ್ಸೈಡು, ಸೀಸ ಅಲ್ಲ. ಕಣ್ಣಿಗೆ ಹೊಡೆಯುವ ಕಿತ್ತಳೆ ಕೆಂಪಾದರೆ ರೆಡ್ ಲೆಡ್ ಅಂತಲೇ ತಿಳಿ. ಇದು ಕಣ್ಣಂದಾಜು ಅಷ್ಟೇ, ಖಚಿತ ಆಗಬೇಕಾದರೆ ಲ್ಯಾಬ್‌ಗೇ ಕೊಡಬೇಕು. ಅಂದಾಜಿನ ಮೇಲೆ ಮಗುವನ್ನು ಬಿಡಬಾರದು, ಅದಕ್ಕೇ ಸೀಸ ಇದೆ ಅಂದುಕೊಂಡೇ ಕೆಲಸ ಮಾಡು.

ಈಗ ಯೋಚಿಸು, ಪೇಂಟರ್ ಏನು ಮಾಡುತ್ತಾನೆ? ಕುಂಡಗಳನ್ನು ಒಂದು ಪಕ್ಕಕ್ಕೆ ಸರಿಸಿ ಪತ್ತಿ ಹಿಡಿದು ಕೆರೆಯುತ್ತಾನೆ, ಆಮೇಲೆ ಪಾಲಿಷ್ ಪೇಪರ್ ಉಜ್ಜುತ್ತಾನೆ. ಹುಡಿ ನೇರ ಬಸಳೆ ಮೇಲೆ, ಕೆಸುವಿನ ಬುಡಕ್ಕೆ, ಕಿಟಕಿಯಿಂದ ಒಳಗೆ ಹಾಸಿಗೆಗೆ. ಹಬ್ಬದ ಮುಂಚೆ ಮುಂಬೈಯಲ್ಲಿ ಯಾವ ಬಿಲ್ಡಿಂಗ್‌ನಲ್ಲಿ ನೋಡಿದರೂ ಇದೇ ಕಥೆ. ಒಂದೂವರೆ ವರ್ಷದ ಮಗು ನೆಲ ಮುಟ್ಟಿದ ಕೈ ಬಾಯಿಗೆ ಹಾಕುತ್ತದೆ. ಸೀಸವನ್ನು ಮಕ್ಕಳ ಹೊಟ್ಟೆ ದೊಡ್ಡವರಿಗಿಂತ ಬಹಳ ಜಾಸ್ತಿ ಹೀರಿಕೊಳ್ಳುತ್ತದೆ, ಪೆಟ್ಟು ಬೀಳೋದು ಮಿದುಳಿಗೆ. ಡಿಫೆನ್‌ಬಾಕಿಯಾ ಕಚ್ಚಿದರೆ ಮಗು ಕೂಡಲೇ ಕಿರುಚುತ್ತದೆ, ನಿಮಗೆ ಗೊತ್ತಾಗುತ್ತದೆ. ಇದರಲ್ಲಿ ಏನೂ ಗೊತ್ತಾಗಲ್ಲ. ಇಷ್ಟು ತಿಂದರೆ ಪರವಾಗಿಲ್ಲ ಅನ್ನುವ ಪ್ರಮಾಣವೂ ಇಲ್ಲ.

ಹಾಗಾಗಿ ಕೆರೆಯುವ ಕೆಲಸವನ್ನು ಮಗು ಬರುವುದಕ್ಕೆ ಸಾಕಷ್ಟು ಮೊದಲೇ ಮುಗಿಸಿ, ಇಲ್ಲವಾದರೆ ಅವರು ವಾಪಸ್ ಹೋದ ಮೇಲೆ ಮಾಡಿಸಿ. ಮಾಡಿಸುವುದಾದರೆ ಕುಂಡಗಳೆಲ್ಲ ಮನೆಯಾಚೆ ಹೋಗಬೇಕು, ಗ್ರಿಲ್ ತಳಕ್ಕೆ ದಪ್ಪ ಪ್ಲಾಸ್ಟಿಕ್ ಹಾಸಬೇಕು, ಕಿಟಕಿ ಮುಚ್ಚಬೇಕು. ವಾಟರ್ ಪೇಪರ್ ಒದ್ದೆ ಮಾಡಿಕೊಂಡೇ ಉಜ್ಜಲಿ. ಒಣ ಉಜ್ಜುವ ಮೆಷಿನ್ ಬೇಡ, ಬೆಂಕಿ ಊದುವ ಬ್ಲೋ ಲ್ಯಾಂಪ್ ಅಂತೂ ಬೇಡವೇ ಬೇಡ, ಅದರಲ್ಲಿ ಸೀಸದ ಹೊಗೆಯೇ ಏಳುತ್ತದೆ. ಆ ಹುಡುಗನಿಗೂ ಒಂದು ಒಳ್ಳೆ ಮಾಸ್ಕ್ ಕೊಡಿ, ಅವನ ಮನೆಯಲ್ಲೂ ಮಕ್ಕಳಿರುತ್ತವೆ. ಮುಗಿದ ಮೇಲೆ ಪೊರಕೆ ಹಿಡಿಯಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಆ ಬಟ್ಟೆಯನ್ನು ಎಸೆಯಿರಿ.

ಕುಂಡದ ಮಣ್ಣು. ವರ್ಷಗಟ್ಟಲೆ ಗ್ರಿಲ್‌ನಲ್ಲೇ ಇದ್ದ ಕುಂಡಗಳಲ್ಲಿ ಚಕ್ಕೆ ಬಿದ್ದೇ ಇರುತ್ತದೆ. ತಿನ್ನುವ ಸೊಪ್ಪಿನ ಕುಂಡಗಳ ಮಣ್ಣನ್ನು ಪೂರ್ತಿ ಬದಲಿಸು. ಸೀಸ ಕುದಿಸಿದರೆ ಹೋಗುವಂಥದ್ದಲ್ಲ, ಹುಣಸೆಹಣ್ಣಿಗೂ ಜಗ್ಗಲ್ಲ. ಟೊಮೇಟೊ, ಮೆಣಸಿನಂಥ ಕಾಯಿಗಳಿಗೆ ಅದು ಏರುವುದು ಕಡಿಮೆ. ಸೊಪ್ಪು, ಗೆಡ್ಡೆಗಳಲ್ಲಿ ಜಾಸ್ತಿ, ಅದರಲ್ಲೂ ಅಂಟಿಕೊಂಡ ಮಣ್ಣಿನದೇ ದೊಡ್ಡ ಪಾಲು. ಕೆಳಗಿನ ಪಟ್ಟಿ ನೆಲದಲ್ಲೂ ತಿನ್ನುವಂಥದ್ದು ಏನನ್ನೂ ಹಾಕಬೇಡ. ನಮ್ಮ ದೇಶದಲ್ಲಿ ಪೆಟ್ರೋಲ್ ಪೂರ್ತಿ ಸೀಸಮುಕ್ತ ಆಗಿದ್ದು 2000ದಲ್ಲಿ. ಅದಕ್ಕೆ ಮೊದಲು ಆ ರಸ್ತೆಯ ಗಾಡಿಗಳು ಉಗುಳಿದ್ದು ಮೇಲ್ಮಣ್ಣಲ್ಲಿ ಹಾಗೇ ಕೂತಿರುತ್ತದೆ, ಕೊಳೆತು ಹೋಗುವ ವಸ್ತು ಅಲ್ಲ.

ಅತ್ತೆಯವರ ಕಣಗಿಲೆ ರಸ್ತೆ ಬದಿಯಲ್ಲಿ ಇರಲಿ ಬಿಡು, ಯಾರೂ ತಿನ್ನಲ್ಲವಲ್ಲ. ಹಳದಿಯದರ ಕಾಯಿಗಳನ್ನು ಮಾತ್ರ ಕಿತ್ತು, ಕೆಳಗೆ ಬಿದ್ದದ್ದನ್ನೂ ಆರಿಸಿ ಹಾಕಿಸು. ಹೂವನ್ನು ಮಗುವಿಗೆ ಎಟುಕದಷ್ಟು ಎತ್ತರಕ್ಕೆ ಇಟ್ಟರೆ ಶಿವನಿಗೆ ಬೇಸರ ಇಲ್ಲ. ಹೂವು ನೆನೆಸಿಟ್ಟ ನೀರೂ ವಿಷವೇ, ಚೆಲ್ಲಿ. ಒಣ ಕಡ್ಡಿಯನ್ನು ಸುಡಬೇಡಿ, ಹೊಗೆಯೂ ಒಳ್ಳೆಯದಲ್ಲ.

ಮಾಳಿಯ ಹರಳು ಯಾವುದು ಅಂತ ಪ್ಯಾಕೆಟ್ ತೋರಿಸು ಅನ್ನು. ಪ್ಯಾಕೆಟ್ ಇಲ್ಲ ಅಂದರೆ ಅದು ಕುಂಡಕ್ಕೆ ಬೀಳಬಾರದು. ಮೊದಲು ಈ ವಾಸನೆಯ ಹರಳು ಅಂದರೆ ಸಾಮಾನ್ಯವಾಗಿ ಫೊರೇಟ್. ಬೇರಿನಿಂದ ಹೀರಿ ಎಲೆಗೇ ಏರುವ ವಿಷ ಅದು, ತೊಳೆದರೆ ಹೋಗಲ್ಲ. 2020ರ ಡಿಸೆಂಬರ್ 31ರಿಂದ ದೇಶದಲ್ಲೇ ನಿಷೇಧ.

ಕೋಥ್ರೂಡ್ ಕನ್ನಡತಿ:

ಅಜ್ಜ ಅಡೇನಿಯಂ ಮರೆತರು. ಪುಣೆಯಲ್ಲಿ ಈಗ ಪ್ರತಿ ಬಾಲ್ಕನಿಯಲ್ಲೂ ಅದೇ, ಹೂವು ಚಂದ ಅಂತ. ಅದೂ ಕಣಗಿಲೆ ಕುಟುಂಬದ್ದೇ, ಹೃದಯಕ್ಕೆ ಅದೇ ಥರದ ವಿಷ. ಆಫ್ರಿಕಾದಲ್ಲಿ ಅದರ ರಸವನ್ನು ಬಾಣದ ತುದಿಗೆ ಹಚ್ಚುತ್ತಿದ್ದರು. ಕೊಂಬೆ ಕತ್ತರಿಸುವಾಗ ಗ್ಲೌಸ್ ಹಾಕಿಕೊಳ್ಳಿ, ಮಗು ಇರುವ ತಿಂಗಳು ಯಾರ ಮನೆಗಾದರೂ ದಾಟಿಸಿ.

ಹೊಸ ಮಣ್ಣು ತರುವಾಗಲೂ ಹುಷಾರು. ನಮ್ಮಲ್ಲಿ ನರ್ಸರಿಯವರು ಪೋಯ್ಟಾ ಮಾತಿ ಅಂತ ಕೊಡುವ ಹೂಳು ಮಣ್ಣಲ್ಲಿ ಕಾಂಗ್ರೆಸ್ ಗಿಡದ ಬೀಜ ತುಂಬಿರುತ್ತೆ. ಅದೇ ಪಾರ್ಥೇನಿಯಂ. ಭಾರತದಲ್ಲಿ ಅದು ಮೊದಲು ಕಣ್ಣಿಗೆ ಬಿದ್ದದ್ದು ನಮ್ಮ ಪುಣೆಯಲ್ಲೇ, 1955ರಲ್ಲಿ, ಕಸದ ರಾಶಿಯ ಮೇಲೆ. ಊರಿನ ಹೆಸರು ಎಲ್ಲೆಲ್ಲಿ ಬರುತ್ತೆ ನೋಡಿ! ಕುಂಡದಲ್ಲಿ ಕ್ಯಾರೆಟ್ ಎಲೆ ಥರದ ಸಸಿ ಮೊಳೆತರೆ ಹೂ ಬಿಡುವ ಮೊದಲೇ ಕಿತ್ತುಬಿಡಿ, ಬರಿಗೈಯಲ್ಲಿ ಬೇಡ. ನನ್ನ ಮಾವನಿಗೆ ಕತ್ತು, ರೆಪ್ಪೆ ಎಲ್ಲ ಕೆಂಪಾಗಿ ಸಿಪ್ಪೆ ಏಳ್ತಿತ್ತು, ಚರ್ಮದ ಡಾಕ್ಟರ್ ಹತ್ರ ಹೋದಾಗಲೇ ಇದು ಅಂತ ತಿಳಿದದ್ದು.

ಪಾರಿವಾಳದ ವಿಷಯಕ್ಕೆ ಯಾರೂ ಕೈ ಹಾಕಿಲ್ಲ. 2025ರಲ್ಲಿ ಮುಂಬೈಯ ದಾದರ್ ಕಬೂತರ್‌ಖಾನೆ, ಅಂದರೆ ಪಾರಿವಾಳಗಳಿಗೆ ಕಾಳು ಹಾಕುವ ಜಾಗ, ಮುಚ್ಚಿದಾಗ ಎಷ್ಟು ಗಲಾಟೆ ಆಯ್ತು, ನೆನಪಿದೆ ಅಲ್ವಾ? ಒಣಗಿದ ಹಿಕ್ಕೆಯ ಪುಡಿ, ಗರಿಯ ಧೂಳು ದಿನಾ ಒಳಗೆ ಹೋದರೆ ಕೆಲವರ ಶ್ವಾಸಕೋಶ ಊದಿಕೊಂಡು ನಿಧಾನಕ್ಕೆ ಗಟ್ಟಿಯಾಗುತ್ತೆ. ಹಸಿ ಹಿಕ್ಕೆ ಗೊಬ್ಬರ ಅಲ್ಲ. ಅದರಲ್ಲಿ ಸಾಲ್ಮೊನೆಲ್ಲಾದಂಥ ರೋಗಾಣುಗಳೂ ಇರಬಹುದು. ನೀರು ಚಿಮುಕಿಸಿ, ಮಾಸ್ಕ್ ಹಾಕಿಕೊಂಡು ತೆಗೆಯಿರಿ. ಆಂಟಿಗೆ ಹೇಗೆ ಹೇಳ್ತೀರೋ ಅದು ನಿಮಗೆ ಬಿಟ್ಟದ್ದು.

ಡೊಂಬಿವಲಿ ಸೊಸೆ:

ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಅಜ್ಜ, ಟಾರ್ಚ್ ಹಿಡಿದು ನೋಡಿದೆ. ಕೆಸುವಿನ ಕುಂಡದ ಹಿಂದೆ ಬೆರಳಗಲದ ಚಕ್ಕೆ ಎದ್ದಿತ್ತು, ತಳದಲ್ಲಿ ಥೇಟ್ ಕಿತ್ತಳೆ. ಪೇಂಟರಿಗೆ ಫೋನ್ ಮಾಡಿ ದೀಪಾವಳಿಗೆ ಬಾ ಅಂದೆ. ಡಿಫೆನ್‌ಬಾಕಿಯಾ, ಅಡೇನಿಯಂ, ಮನಿ ಪ್ಲಾಂಟ್ ಮೂರೂ ಸೊಸೈಟಿ ಆಫೀಸಿಗೆ ಹೋದವು. ಆಂಟಿಗೆ "ನಮ್ಮ ಅತ್ತೆಗೆ ಉಬ್ಬಸ" ಅಂತ ಹೇಳಿದೆ. ಅತ್ತೆ ಪಕ್ಕದಲ್ಲೇ ನಿಂತು ಆರಾಮಾಗಿ ಉಸಿರಾಡ್ತಿದ್ದರು, ಆದರೂ ಆಂಟಿ ನಂಬಿದರು.

ಎರಡು ಸಂದೇಹ. ಮಣ್ಣಿನ ಟೆಸ್ಟ್ ಮಾಡಿಸಬಹುದಾ? ಮತ್ತೆ ಅತ್ತೆ ಕೇಳ್ತಿದ್ದಾರೆ, ಈ ಕೆಸು ಊರಿಂದ ತಂದ ಗೆಡ್ಡೆ, ಎಸೆಯೋಕೆ ಮನಸ್ಸಿಲ್ಲ, ಉಳಿಸಿಕೊಳ್ಳಬಹುದಾ?

ಐರೋಲಿ ಅಜ್ಜ:

ಮೊದಲ ಮಾತು. ಬಣ್ಣ ಮುಂದಕ್ಕೆ ಹಾಕಿದ್ದು ಸರಿ, ಆದರೆ ಎದ್ದಿರುವ ಚಕ್ಕೆ ಹಾಗೇ ಬಿಡಬೇಡ. ಕೈಗೆ ಗ್ಲೌಸ್ ಹಾಕಿ, ಒದ್ದೆ ಬಟ್ಟೆಯಲ್ಲಿ ಸಡಿಲ ಇರುವಷ್ಟನ್ನು ಒತ್ತಿ ತೆಗೆದು, ಆ ಜಾಗಕ್ಕೆ ಅಗಲ ಟೇಪ್ ಅಂಟಿಸು. ಮಗು ಇರುವಷ್ಟು ದಿನ ಆ ಕಿಟಕಿಯ ಕೆಳಬಾಗಿಲು ಮುಚ್ಚಿರಲಿ, ಕಟ್ಟೆಯನ್ನು ದಿನಾ ಒದ್ದೆ ಬಟ್ಟೆಯಲ್ಲಿ ಒರೆಸು.

ಟೆಸ್ಟ್ ಮಾಡಿಸಬಹುದು. ಆದರೆ ರೈತರಿಗೆ ಮಾಡಿಕೊಡುವ ಸಾಮಾನ್ಯ ಮಣ್ಣು ಪರೀಕ್ಷೆಯಲ್ಲಿ ಸಾರಜನಕ, ರಂಜಕ, ಪೊಟ್ಯಾಶ್, ಪಿಎಚ್ ಬರುತ್ತದೆ, ಸೀಸ ಬರಲ್ಲ. "ಹೆವಿ ಮೆಟಲ್, ಲೆಡ್" ಅಂತ ಬಿಡಿಸಿ ಕೇಳಬೇಕು. ನಿನ್ನ ನಾಲ್ಕು ಕುಂಡಕ್ಕೆ ಆ ದುಡ್ಡು ಯಾಕೆ? ಅದರಲ್ಲಿ ಹೊಸ ಮಣ್ಣೇ ಬರುತ್ತದೆ. ಹಳೆಯದನ್ನು ಚೀಲದಲ್ಲಿ ಕಟ್ಟಿ ಕಸಕ್ಕೆ ಕೊಡು, ಕೆಳಗಿನ ತೋಟಕ್ಕೆ ಸುರಿಯಬೇಡ. ಈಗ ಮಳೆಗಾಲ, ಕೆಳಗೆ ಇಲಿ ಓಡಾಡುವ ಒದ್ದೆ ನೆಲ. ಕಾಲಲ್ಲಿ ಗಾಯ ಇದ್ದರೆ ಅಲ್ಲಿಗೆ ಬರಿಗಾಲಲ್ಲಿ ಇಳಿಯಬೇಡ, ಲೆಪ್ಟೊ, ಅಂದರೆ ಇಲಿ ಜ್ವರ, ಹಿಡಿಯುತ್ತದೆ. ಕುಂಡದ ತಟ್ಟೆಯಲ್ಲಿ ನೀರು ನಿಂತರೆ ಚೆಲ್ಲು, ಡೆಂಗ್ಯೂ ಸೊಳ್ಳೆಗೆ ಅಷ್ಟೇ ಸಾಕು.

ಗೆಡ್ಡೆ ಉಳಿಸಿಕೊಳ್ಳಿ, ಧಾರಾಳವಾಗಿ. ಎಲೆಗಳನ್ನೆಲ್ಲ ಕತ್ತರಿಸಿ ಎಸೆದು, ಬೇರು ಸವರಿ, ಬ್ರಶ್ ಹಿಡಿದು ಮಣ್ಣು ಪೂರ್ತಿ ಹೋಗುವವರೆಗೆ ತೊಳೆದು ಹೊಸ ಕುಂಡದಲ್ಲಿ ನೆಡಿ. ಕುಂಡ ಗ್ರಿಲ್‌ನಲ್ಲಿ ಬೇಡ, ಟೆರೇಸ್‌ಗೆ ಹೋಗಲಿ. ಬಣ್ಣದ ಖಾಲಿ ಬಕೆಟ್‌ನಲ್ಲಿ ಮಾತ್ರ ನೆಡಬೇಡಿ. ಎಲ್ಲರೂ ಅದರಲ್ಲೇ ಸೊಪ್ಪು ಬೆಳೆಸುತ್ತಾರೆ, ನನಗೆ ನೋಡಿದರೆ ಹೊಟ್ಟೆ ತೊಳಸುತ್ತದೆ. ಬೂಷ್ಟು ಹಿಡಿಯದಿರಲಿ ಅಂತ ಆ ಬಣ್ಣಕ್ಕೆ ಏನೇನು ಹಾಕುತ್ತಾರೆ ಅಂತ ಬಲ್ಲೆ.

ಈ ಹಬ್ಬದ ಪತ್ರೊಡೆಗೆ ಮಾರ್ಕೆಟ್ಟಿನಿಂದ ಅಳೂಚಿ ಪಾನ (ಮರಾಠಿಯಲ್ಲಿ ಕೆಸುವಿನ ಎಲೆ) ತನ್ನಿ. ರೈಲು ಹಳಿ ಬದಿಯಲ್ಲಿ ಗಟಾರದ ನೀರು ಹಾಯಿಸಿ ಬೆಳೆದದ್ದೋ ಅಂತ ಒಂದು ಮಾತು ಕೇಳಿ ತಗೊಳ್ಳಿ. ಹೌದು ಅಂತ ಯಾರೂ ಹೇಳಲ್ಲ, ಆದರೂ ಕೇಳಿ.