ಎಮ್ಡೆನ್ ಗುಂಡಿನ ಹೂದಾನಿ

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ದೊಡ್ಡಪ್ಪನವರು ವಿಧಿಸಿರುವ ನಿಯಮ ಒಂದೇ: ಏನು ಬರೆದರೂ ಕನ್ನಡ ಲಿಪಿಯಲ್ಲಿ, ಪೂರ್ಣ ವಾಕ್ಯಗಳಲ್ಲಿ ಬರೆಯಬೇಕು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವರ ಮಾತನ್ನು ಮೀರುವ ಧೈರ್ಯ ಯಾರಿಗೂ ಇಲ್ಲದ್ದರಿಂದ ನಮ್ಮಲ್ಲಿ ಜಗಳಗಳೂ ವ್ಯಾಕರಣಬದ್ಧವಾಗಿಯೇ ನಡೆಯುತ್ತವೆ. ಕಳೆದ ಶುಕ್ರವಾರ ರಾತ್ರಿಯದನ್ನು, ಮೂರು ಶುಭರಾತ್ರಿಗಳನ್ನೂ ಒಂದು ಗುಲಾಬಿ ಹೂವಿನ ಚಿತ್ರವನ್ನೂ ಕಳೆದು, ಇಲ್ಲಿ ಇಡುತ್ತಿದ್ದೇನೆ.

ಚಿಕ್ಕಪ್ಪ: (ಫಾರ್ವರ್ಡ್ ಆಗಿ ಬಂದದ್ದು) "1914ರಲ್ಲಿ ಜರ್ಮನಿಯ ಎಮ್ಡೆನ್ ಎಂಬ ಯುದ್ಧನೌಕೆಯು ತನ್ನ 'ಬಿಗ್ ಬರ್ತಾ' ಫಿರಂಗಿಯಿಂದ, 120 ಕಿಲೋಮೀಟರ್ ದೂರದ ನಡುಗಡಲಿನಲ್ಲಿ ನಿಂತು ಮದ್ರಾಸ್ ನಗರದ ಮೇಲೆ ಗುಂಡಿನ ಮಳೆ ಸುರಿಸಿತು. ಈ ಸತ್ಯವನ್ನು ನಮ್ಮ ಶಾಲೆಗಳಲ್ಲಿ ಕಲಿಸುವುದಿಲ್ಲ. ಎಲ್ಲರಿಗೂ ತಲುಪಿಸಿರಿ." ನಮ್ಮ ಮನೆಯ ಹಿತ್ತಾಳೆ ಹೂದಾನಿಯ ಕಥೆಯನ್ನು ಕೇಳಿ ಮದುವೆಯ ಮಂಟಪದಲ್ಲೇ ನಕ್ಕವರು ದಯವಿಟ್ಟು ಇದನ್ನು ಎರಡು ಸಲ ಓದಬೇಕು.

ನಕ್ಕವರು ಯಾರೆಂದು ಎಲ್ಲರಿಗೂ ಗೊತ್ತು. ದೊಡ್ಡಪ್ಪನ ಅಳಿಯ, ನಮ್ಮ ಭಾವ, ಸರಕು ಹಡಗುಗಳಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದವರು. ಹಡಗಿನ ವಿಷಯ ಬಂದರೆ ಅವರು ಊಟವನ್ನಾದರೂ ಬಿಟ್ಟಾರು, ಉತ್ತರವನ್ನು ಬಿಡುವುದಿಲ್ಲ.

ಭಾವ: ಚಿಕ್ಕ ಮಾವ, ಎರಡು ಸಲ ಓದಿದೆ. ಇದರಲ್ಲಿ ಮೂರು ಬೇರೆ ಬೇರೆ ಫಿರಂಗಿಗಳನ್ನು ಒಂದೇ ಹಡಗಿಗೆ ಹೇರಲಾಗಿದೆ. ಇದಕ್ಕೆ ಆಧಾರವೇನು ಎಂದು ತಾವು ತಿಳಿಸಬೇಕು.

ಚಿಕ್ಕಪ್ಪ: ನನಗೆ ಇದನ್ನು ಕಳುಹಿಸಿದವರು ನಿವೃತ್ತ ಬ್ಯಾಂಕ್ ಮ್ಯಾನೇಜರ್. ಅವರು ಸುಳ್ಳು ಹೇಳುವವರಲ್ಲ.

ಭಾವ: ಬ್ಯಾಂಕಿನವರ ಪ್ರಾಮಾಣಿಕತೆಯನ್ನು ನಾನು ಪ್ರಶ್ನಿಸುತ್ತಿಲ್ಲ. ಎಮ್ಡೆನ್ ಹಡಗಿನಲ್ಲಿ ಇದ್ದದ್ದು 10.5 ಸೆಂಟಿಮೀಟರ್ ಬಾಯಿಯ ಹತ್ತು ತೋಪುಗಳು. ಜರ್ಮನ್ನರು ನಳಿಗೆಯ ಉದ್ದವನ್ನು ಬಾಯಿಯ ಅಳತೆಯ ಎಷ್ಟು ಪಾಲು ಎಂದು ಲೆಕ್ಕ ಹಾಕುತ್ತಿದ್ದರು. ಇದು ನಲವತ್ತು ಪಾಲು, ಅಂದರೆ 4.2 ಮೀಟರ್. ಒಂದು ಗುಂಡಿನ ತೂಕ ಸುಮಾರು 17 ಕಿಲೋ, ಅದು ಹೋಗಬಹುದಾಗಿದ್ದ ಗರಿಷ್ಠ ದೂರ ಸುಮಾರು 12 ಕಿಲೋಮೀಟರ್. 1914ರ ಸೆಪ್ಟೆಂಬರ್ 22ರ ರಾತ್ರಿ ಕ್ಯಾಪ್ಟನ್ ಕಾರ್ಲ್ ಫಾನ್ ಮ್ಯುಲರ್ ಹಡಗನ್ನು ಮದ್ರಾಸಿನ ದಡದಿಂದ ಮೂರು ಕಿಲೋಮೀಟರ್ ಆಸುಪಾಸಿಗೆ ತಂದು, ಶೋಧದೀಪ ಹಾಯಿಸಿ, ಬರ್ಮಾ ಆಯಿಲ್ ಕಂಪನಿಯ ಎಣ್ಣೆ ತೊಟ್ಟಿಗಳಿಗೆ ಗುರಿಯಿಟ್ಟು ಸುಮಾರು 130 ಗುಂಡು ಹಾರಿಸಿದ. ಮೂರು ಲಕ್ಷ ಗ್ಯಾಲನ್‌ಗೂ ಹೆಚ್ಚು ಸೀಮೆಎಣ್ಣೆ ಉರಿದುಹೋಯಿತು. ನಡುಗಡಲಿನಿಂದ ಹೊಡೆದದ್ದಲ್ಲ, ಮನೆಯ ಅಂಗಳಕ್ಕೆ ಬಂದು ಹೊಡೆದದ್ದು.

ಚಿಕ್ಕಪ್ಪ: ಹಾಗಾದರೆ ಹೊಡೆದದ್ದು ನಿಜ ಎಂದು ತಾವೇ ಒಪ್ಪಿಕೊಂಡಿರಿ. ಸಂತೋಷ.

ಚೆನ್ನೈ ಅತ್ತೆ: ಹೈಕೋರ್ಟಿನ ಆವರಣ ಗೋಡೆಗೆ ಗುಂಡು ಬಿದ್ದ ಜಾಗದಲ್ಲಿ ಫಲಕವೇ ಇದೆ. ಇಲ್ಲಿ ಈಗಲೂ ಹಟಮಾರಿ, ಕಿಲಾಡಿ ಮನುಷ್ಯನನ್ನು "ಎಮ್ಡನ್" ಎನ್ನುತ್ತಾರೆ. ನನ್ನ ಮಾವನವರು ನನ್ನನ್ನೇ ಒಮ್ಮೆ ಹಾಗೆ ಕರೆದಿದ್ದರು.

ಬೆಂಗಳೂರಿನ ಅಣ್ಣ: ಅತ್ತೆ, ಆ ಹೂದಾನಿಯಲ್ಲಿ ನಾವು ಗೋಲಿಗಳನ್ನು ಅಡಗಿಸಿಡುತ್ತಿದ್ದದ್ದು ನೆನಪಿದೆಯೇ? ಚೌತಿಯ ಹಿಂದಿನ ದಿನ ಅಜ್ಜಿ ಅದನ್ನು ಹುಣಸೆಹುಳಿ ಹಾಕಿ ತಿಕ್ಕುವಾಗ ಗೋಲಿಗಳೆಲ್ಲ ಬಾವಿಕಟ್ಟೆಯ ಮೇಲೆ ಉರುಳಿ, ನಾಲ್ಕು ಬಾವಿಗೇ ಬಿದ್ದಿದ್ದವು. "ಜರ್ಮನಿಯವರ ಗುಂಡಿನಲ್ಲಿ ಗೋಲಿ ಇಟ್ಟವನು ಯಾರು?" ಎಂದು ಅಜ್ಜಿ ಕೂಗಿದ್ದು ಇನ್ನೂ ಕಿವಿಯಲ್ಲಿದೆ.

ಹೊರಗಿನ ಓದುಗರಿಗಾಗಿ ಕಥೆಯನ್ನು ಹೇಳಬೇಕು. ದಕ್ಷಿಣ ಕನ್ನಡವೂ ಆಗ ಮದ್ರಾಸ್ ಪ್ರಾಂತ್ಯದ ಜಿಲ್ಲೆ. ನಮ್ಮ ಮುತ್ತಜ್ಜ ಮದ್ರಾಸಿನ ಒಬ್ಬ ವಕೀಲರ ಬಳಿ ಗುಮಾಸ್ತರಾಗಿದ್ದರು. ಗುಂಡು ಬಿದ್ದ ಮರುದಿನ ಊರಿಗೆ ಊರೇ ರೈಲು ಹತ್ತಿ ಓಡುವಾಗ ಅವರು ಮಾತ್ರ ಕಡಲ ದಡಕ್ಕೆ ಹೋಗಿ, ಎಮ್ಡೆನ್ ಹಾರಿಸಿದ ಒಂದು ಹಿತ್ತಾಳೆ ಗುಂಡನ್ನು ಹೆಕ್ಕಿ ತಂದರು, ಅದೇ ಮನೆಯ ಹೂದಾನಿಯಾಯಿತು ಎಂಬುದು ಮನೆತನದ ಐತಿಹ್ಯ. 1987ರಲ್ಲಿ ಮನೆ ಪಾಲಾದಾಗ ಅದು ಅತ್ತೆಯ ಪಾಲಿಗೆ ಹೋಯಿತು. ಚಿಕ್ಕಪ್ಪನಿಗೆ ಬಂದದ್ದು ತಳ ಸೋರುವ ತಾಮ್ರದ ಕೊಪ್ಪರಿಗೆ.

ದೊಡ್ಡಪ್ಪ: ಪಾಲಿನ ವಿಷಯವನ್ನು ಯಾರೂ ಎತ್ತಬಾರದು. ಮ್ಯುಲರ್ ಎಂಬಾತ ತಾನು ಹಿಡಿದ ಹಡಗುಗಳ ಸಿಬ್ಬಂದಿಯನ್ನು ಜೋಪಾನವಾಗಿ ಇಳಿಸಿ, ಆಮೇಲೆ ಹಡಗನ್ನು ಮುಳುಗಿಸುತ್ತಿದ್ದನಂತೆ; ಶತ್ರುಗಳ ಪತ್ರಿಕೆಗಳೇ ಅವನನ್ನು ಹೊಗಳಿದ್ದವು. ಯುದ್ಧದಲ್ಲಿಯೂ ಮರ್ಯಾದೆ ಇರುತ್ತಿದ್ದ ಕಾಲವದು. ಅಳಿಯಂದಿರು ಉಳಿದ ಎರಡು ಫಿರಂಗಿಗಳ ಲೆಕ್ಕವನ್ನು ಕೊಡಲಿ.

ಭಾವ: ಮಾವ, ಬಿಗ್ ಬರ್ತಾ ಎಂಬುದು ಹಡಗಿನ ತೋಪೇ ಅಲ್ಲ. ಅದು ಭೂಸೈನ್ಯಕ್ಕಾಗಿ ಕ್ರುಪ್ ಕಂಪನಿ ಮಾಡಿದ 42 ಸೆಂಟಿಮೀಟರಿನ ಗಿಡ್ಡ ನಳಿಗೆಯ ಫಿರಂಗಿ. 1914ರ ಆಗಸ್ಟಿನಲ್ಲಿ ಬೆಲ್ಜಿಯಮ್ಮಿನ ಲಿಯೇಜ್ ಕೋಟೆಗಳನ್ನು ಒಡೆದದ್ದು ಅದು. ಅದರ ಗುಂಡು ಹೋಗುತ್ತಿದ್ದದ್ದು ಒಂಬತ್ತು ಕಿಲೋಮೀಟರಿನಷ್ಟು. 120 ಕಿಲೋಮೀಟರ್ ದೂರ ಎಸೆದದ್ದು ಪ್ಯಾರಿಸ್ ಫಿರಂಗಿ. ಅದಕ್ಕೆ ನೌಕಾಪಡೆಯ ಸಂಬಂಧ ಉಂಟು: ಯುದ್ಧನೌಕೆಗೆಂದು ಮಾಡಿದ 38 ಸೆಂಟಿಮೀಟರಿನ ನಳಿಗೆಯೊಳಗೆ 21 ಸೆಂಟಿಮೀಟರಿನ ಉದ್ದನೆಯ ಇನ್ನೊಂದು ನಳಿಗೆಯನ್ನು ಕೂರಿಸಿದ್ದರು, ಹಾರಿಸಿದವರೂ ನೌಕಾಪಡೆಯವರೇ. ಆದರೆ ಅದು ಇದ್ದದ್ದು ಫ್ರಾನ್ಸಿನ ಲಾನ್ ಪಟ್ಟಣದ ಬಳಿಯ ಕಾಡಿನಲ್ಲಿ. ಮೊದಲ ಗುಂಡು ಪ್ಯಾರಿಸಿಗೆ ಬಿದ್ದದ್ದು 1918ರ ಮಾರ್ಚ್ 23ರಂದು. ಮದ್ದಿನ ಬಿಸಿಗೆ ನಳಿಗೆಯ ಒಳಮೈ ಪ್ರತಿ ಸಲವೂ ಸವೆಯುತ್ತಿದ್ದುದರಿಂದ ಒಂದಕ್ಕಿಂತ ಒಂದು ತುಸು ದಪ್ಪನೆಯ ಗುಂಡುಗಳನ್ನು ಮಾಡಿ, ಅಂಕಿ ಹಾಕಿ, ಅದೇ ಅನುಕ್ರಮದಲ್ಲಿ ಹಾರಿಸಬೇಕಿತ್ತು. ಎಮ್ಡೆನ್ ನಾಶವಾಗಿ ಆಗಲೇ ಮೂರು ವರ್ಷ ದಾಟಿತ್ತು. ಚಿಕ್ಕ ಮಾವನ ಪರವಾಗಿ ಒಂದು ಮಾತು ಹೇಳಬಹುದು: ಪ್ಯಾರಿಸಿನವರೇ ಆ ಫಿರಂಗಿಯನ್ನು ತಪ್ಪಾಗಿ ಬರ್ತಾ ಎಂದು ಕರೆದರು. ತಪ್ಪು ಹಳೆಯದು.

ದೊಡ್ಡಪ್ಪ: ಅದೇ ಫಿರಂಗಿಯ ಒಂದು ಗುಂಡು ಶುಭ ಶುಕ್ರವಾರದ ದಿನ ಸಾಂ ಜೆರ್ವೇ ಚರ್ಚಿನ ಮೇಲೆ ಬಿದ್ದು, ಪ್ರಾರ್ಥನೆಗೆ ಬಂದಿದ್ದ ಎಂಬತ್ತಕ್ಕೂ ಹೆಚ್ಚು ಮಂದಿ ಸತ್ತರೆಂದು ಓದಿದ್ದೇನೆ. ಎದುರಿನವನ ಮುಖ ಕಾಣದಷ್ಟು ದೂರದಿಂದ ಹೊಡೆದರೆ ಹೀಗೆಯೇ ಆಗುತ್ತದೆ. ವಾಟ್ಸಾಪಿಗೂ ಈ ಮಾತು ಅನ್ವಯಿಸುತ್ತದೆ.

ಚಿಕ್ಕಪ್ಪ: ಅಣ್ಣಯ್ಯ, ಆ ಕೊನೆಯ ವಾಕ್ಯ ನನಗೆ ಎಂದು ತಿಳಿಯಿತು. ಇರಲಿ. ಅಳಿಯಂದಿರು ನನ್ನಿಂದ ಆಧಾರ ಕೇಳಿದರು, ಅವರ ಆಧಾರವೇನು?

ಭಾವ: ಎಮ್ಡೆನ್ನಿನಲ್ಲಿ ಇದ್ದಂಥದ್ದೇ ತೋಪನ್ನು ಮೊಂಬಾಸಾದ ಫೋರ್ಟ್ ಜೀಸಸ್ ಕೋಟೆಯಲ್ಲಿ ನಾನು ಕೈಯಾರೆ ಮುಟ್ಟಿದ್ದೇನೆ. ಕೋನಿಗ್ಸ್‌ಬರ್ಗ್ ಎಂಬ ಇನ್ನೊಂದು ಜರ್ಮನ್ ನೌಕೆ 1915ರಲ್ಲಿ ಪೂರ್ವ ಆಫ್ರಿಕಾದ ರುಫೀಜಿ ನದಿಯಲ್ಲಿ ಹಾಳಾದ ಮೇಲೆ ಅದರ ಹತ್ತೂ ತೋಪುಗಳನ್ನು ನೀರಿನಿಂದ ಎತ್ತಿ, ಗಾಲಿ ಕಟ್ಟಿ, ಕಾಡಿನಲ್ಲಿ ಎಳೆದಾಡಿ ಯುದ್ಧ ಮಾಡಿದರು. ಅವುಗಳಲ್ಲೊಂದು ಅದು.

ಚಿಕ್ಕಪ್ಪ: ತಾವು ಮುಟ್ಟಿದ ತೋಪು ಆಧಾರವಾಗುವುದಾದರೆ, ನಾನು ಹುಟ್ಟಿದಂದಿನಿಂದ ನೋಡಿದ ಹೂದಾನಿ ಏಕೆ ಆಧಾರವಾಗದು?

ಭಾವನನ್ನು ಯಾರಾದರೂ ಹೀಗೆ ಕಟ್ಟಿಹಾಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಹತ್ತು ನಿಮಿಷ ಅವರ ಹೆಸರಿನ ಕೆಳಗೆ "ಬರೆಯುತ್ತಿದ್ದಾರೆ" ಎಂದು ಬರುತ್ತ, ಹೋಗುತ್ತ ಇತ್ತು.

ಭಾವ: ನ್ಯಾಯವಾದ ಪ್ರಶ್ನೆ. ಉತ್ತರ ಆ ಹಿತ್ತಾಳೆಯಲ್ಲಿಯೇ ಇದೆ. ಆ ಕಾಲದ ಬ್ರಿಟಿಷರ ದೊಡ್ಡ ನೌಕಾ ತೋಪುಗಳಲ್ಲಿ ಮದ್ದನ್ನು ರೇಷ್ಮೆ ಚೀಲದಲ್ಲಿ ತುಂಬುತ್ತಿದ್ದರು. ಜರ್ಮನ್ನರು ಅತಿ ದೊಡ್ಡ ತೋಪುಗಳಿಗೂ ಮದ್ದು ತುಂಬಲು ಹಿತ್ತಾಳೆಯ ಕೊಳವೆಯಂಥ ಕವಚವನ್ನೇ ಬಳಸಿದರು, ಏಕೆಂದರೆ ಅವರ ತೋಪಿನ ಹಿಂಬಾಗಿಲು ಪಕ್ಕಕ್ಕೆ ಜಾರುವ ಉಕ್ಕಿನ ತುಂಡು. ಮದ್ದು ಉರಿದಾಗ ಹಿತ್ತಾಳೆ ಹಿಗ್ಗಿ ನಳಿಗೆಗೆ ಅಂಟಿಕೊಂಡರೆ ಮಾತ್ರ ಹೊಗೆ ಹಿಂದಕ್ಕೆ ನುಗ್ಗುತ್ತಿರಲಿಲ್ಲ. ಗುಂಡು ಹಾರಿದ ಮೇಲೆ ಆ ಕವಚ ಎಲ್ಲಿ ಬೀಳುತ್ತದೆ? ಹಡಗಿನ ಅಟ್ಟದ ಮೇಲೆ, ತೋಪಿನವನ ಕಾಲ ಬುಡದಲ್ಲಿ. ನೀರು ದಾಟಿ ಮದ್ರಾಸಿಗೆ ಬಂದದ್ದು ಉಕ್ಕಿನ ಗುಂಡು ಮಾತ್ರ. ಮುತ್ತಜ್ಜನವರು ದಡದಲ್ಲಿ ಹಿತ್ತಾಳೆ ಕವಚ ಹೆಕ್ಕಿದ್ದರೆ, ಹಡಗಿಗೇ ಹೋಗಿ ಹೆಕ್ಕಿರಬೇಕು.

ಚೆನ್ನೈ ಅತ್ತೆ: ಹಾಗಾದರೆ ನಮ್ಮ ಅಮ್ಮ ಸುಳ್ಳು ಹೇಳಿದರೆಂದು ತಾತ್ಪರ್ಯವೇ?

ಬೆಂಗಳೂರಿನ ಅಣ್ಣ: ಎಮ್ಡೆನ್ ಸೋತದ್ದಾದರೂ ಹೇಗೆ, ಭಾವ? ಅಜ್ಜಿ ಅದನ್ನು ಹೇಳಿರಲೇ ಇಲ್ಲ.

ಅಣ್ಣ ಮಾತು ತಿರುಗಿಸಲು ಕೇಳಿದ್ದು. ಭಾವ ಮಾತು ತಿರುಗಿದ್ದನ್ನು ಗಮನಿಸದೆ ಉತ್ತರಿಸಿದರು.

ಭಾವ: 1914ರ ನವೆಂಬರ್ 9ರಂದು ಹಿಂದೂ ಮಹಾಸಾಗರದ ಕೊಕೋಸ್ ದ್ವೀಪಗಳ ಬಳಿ ಆಸ್ಟ್ರೇಲಿಯಾದ ಸಿಡ್ನಿ ಎಂಬ ಯುದ್ಧನೌಕೆ ಎದುರಾಯಿತು. ಮೊದಲು ಗುರಿ ಹಿಡಿದದ್ದು ಎಮ್ಡೆನ್ನೇ. ಸಿಡ್ನಿಯ ದೂರ ಅಳೆಯುವ ಉಪಕರಣವನ್ನೇ ಆರಂಭದಲ್ಲಿ ಹಾಳುಮಾಡಿತು. ಆದರೆ ಸಿಡ್ನಿಯ ಆರು ಇಂಚಿನ ತೋಪುಗಳ ಗುಂಡು ಸುಮಾರು 45 ಕಿಲೋ, ಹಡಗಿನ ವೇಗವೂ ಹೆಚ್ಚು. ಅದು ಹಿಂದೆ ಸರಿದು, ತನಗೆ ಅನುಕೂಲವಾದ ದೂರದಲ್ಲಿ ನಿಂತು ಹೊಡೆಯಿತು. ಎಮ್ಡೆನ್ನಿನಲ್ಲಿ 130ಕ್ಕೂ ಹೆಚ್ಚು ಮಂದಿ ಸತ್ತರು, ಸಿಡ್ನಿಯಲ್ಲಿ ನಾಲ್ವರು. ಎಮ್ಡೆನ್ನಿನ ಒಂದು ತೋಪು ಈಗಲೂ ಸಿಡ್ನಿ ನಗರದ ಹೈಡ್ ಪಾರ್ಕಿನಲ್ಲಿದೆ. ಅತ್ತೆ, ಹೂದಾನಿಯ ಬಾಯಿಯನ್ನು ಒಮ್ಮೆ ಅಳೆಯುವಿರಾ? ಎಮ್ಡೆನ್ನಿನದಾದರೆ ಹತ್ತೂವರೆ ಸೆಂಟಿಮೀಟರ್ ಇರಬೇಕು.

ಅತ್ತೆ ಅರ್ಧ ಗಂಟೆ ಕಾಣಿಸಲಿಲ್ಲ. ಕೋಪಿಸಿಕೊಂಡರೆಂದೇ ಎಲ್ಲರೂ ತಿಳಿದೆವು. ಚಿಕ್ಕಪ್ಪ, ಹೆಣ್ಣುಮಕ್ಕಳ ಪಾಲಿನ ವಸ್ತುವನ್ನು ಅಳೆಯಲು ಹೇಳುವುದು ಅಳಿಯತನಕ್ಕೆ ಶೋಭೆಯಲ್ಲ ಎಂದು ಬರೆದೂ ಆಯಿತು. ಆಮೇಲೆ ಅತ್ತೆಯ ಸಂದೇಶ ಬಂತು, ತಳದ ಫೋಟೋ ಸಹಿತ.

ಚೆನ್ನೈ ಅತ್ತೆ: ಹೊಲಿಗೆಯ ಟೇಪಿನಲ್ಲಿ ಅಳೆದೆ. ಒಳಬಾಯಿ ಎಂಟೂವರೆ ಸೆಂಟಿಮೀಟರಿಗೆ ಕೂದಲೆಳೆಯಷ್ಟು ಕಡಿಮೆ. ಎತ್ತರ ಒಂದಡಿಗೆ ಅರ್ಧ ಅಂಗುಲ ಕಡಿಮೆ. ತಳದಲ್ಲಿ ಬಾಣದಂಥ ಗುರುತು, 18 ಎಂಬ ಅಂಕಿ, ಪಕ್ಕದಲ್ಲಿ ಇಂಗ್ಲಿಷಿನ ಪಿ ಮತ್ತು ಆರ್ ಅಕ್ಷರಗಳಿವೆ. ಕೆಳಗೆ 1917 ಎಂದಿದೆ.

ಭಾವ: ಬಾಣ ಬ್ರಿಟಿಷ್ ಸರ್ಕಾರಿ ಸ್ವತ್ತಿನ ಗುರುತು. ಇದು ಬ್ರಿಟಿಷರ ಹದಿನೆಂಟು ಪೌಂಡಿನ ಮೈದಾನ ಫಿರಂಗಿಯ ಕವಚ. ಅದರ ಬಾಯಿ 3.3 ಇಂಚು, ಅಂದರೆ 8.4 ಸೆಂಟಿಮೀಟರ್. ಇಂಥವನ್ನು ಹೂದಾನಿ ಮಾಡಿಕೊಂಡು ಯುದ್ಧದಿಂದ ಮನೆಗೆ ತಂದವರು ಬಹಳ. ಮದ್ರಾಸಿಗೆ ಗುಂಡು ಬಿದ್ದ ಮೂರು ವರ್ಷಗಳ ಬಳಿಕ ತಯಾರಾದದ್ದು.

ಚಿಕ್ಕಪ್ಪ: ಹಾಗಾದರೆ ಅದನ್ನು ತಂದವರು ಯಾರು? ನಮ್ಮ ಮನೆಯಿಂದ ಯಾರೂ ಯುದ್ಧಕ್ಕೆ ಹೋದವರಿಲ್ಲ.

ಆ ರಾತ್ರಿ ಯಾರೂ ಉತ್ತರಿಸಲಿಲ್ಲ. ಬೆಳಿಗ್ಗೆ 4 ಗಂಟೆ 50 ನಿಮಿಷಕ್ಕೆ ದೊಡ್ಡಪ್ಪನವರ ಸಂದೇಶವಿತ್ತು.

ದೊಡ್ಡಪ್ಪ: ನಮ್ಮ ತಂದೆಯವರ ಸೋದರಮಾವ ಒಬ್ಬರು ಆ ಯುದ್ಧದ ಕಾಲದಲ್ಲಿ ಇರಾಕಿನ ಬಸ್ರಾಕ್ಕೆ ಸೈನ್ಯದ ಗುಮಾಸ್ತರಾಗಿ ಹೋಗಿದ್ದರು. ಕಡಲು ದಾಟಿದವರೆಂದು ಮನೆಯಲ್ಲಿ ಅವರ ಹೆಸರನ್ನು ಎತ್ತುತ್ತಿರಲಿಲ್ಲ. ತಂದ ವಸ್ತುವನ್ನು ಮಾತ್ರ ಇಟ್ಟುಕೊಂಡರು. ಉಳಿದದ್ದನ್ನು ಗುಂಪಿನಲ್ಲಿ ಬರೆಯಲು ನನಗೆ ಮನಸ್ಸಿಲ್ಲ. ತಂಗಿ ಭಾನುವಾರ ಹೂದಾನಿಯೊಂದಿಗೆ ಉಡುಪಿಗೆ ಬಂದರೆ ಕುಳಿತು ಹೇಳುತ್ತೇನೆ. ಅಳಿಯಂದಿರೂ ಬರಲಿ, ಟೇಪು ಬೇಡ.

ಚೆನ್ನೈ ಅತ್ತೆ: ಬರುತ್ತೇನೆ ಅಣ್ಣಯ್ಯ, ಹೂದಾನಿಯನ್ನೂ ತರುತ್ತೇನೆ. ಆದರೆ ಸೋಮವಾರ ಅದನ್ನು ವಾಪಸು ಒಯ್ಯುತ್ತೇನೆ, ಇದನ್ನು ಕೊಪ್ಪರಿಗೆಯವನಿಗೆ ಈಗಲೇ ತಿಳಿಸಿಬಿಡು.